ಗೂಟ ಹೊಡೆದವರಿಗೆ, ನೀರು ಬಿಟ್ಟವರಿಗೆ

ಮೊದಲ ನಮಸ್ಕಾರ ವಿಜಯಪುರ, ಯಾದಗಿರಿ ಕಡೆಯಿಂದ ಪುಣೆಗೆ ಬಂದು ಗಾರೆ ಕೆಲಸ ಮಾಡುವ ಅಣ್ಣಂದಿರಿಗೆ, ಅವರ ಜೊತೆ ಬಂದ ಅಕ್ಕಂದಿರಿಗೆ. ಭಾನುವಾರದ ಕ್ರಾಸ್ ಕಂಟ್ರಿ ಓಟಕ್ಕೆ (ಟ್ರ್ಯಾಕ್ ಬಿಟ್ಟು ಬಯಲು ನೆಲದಲ್ಲಿ ಓಡುವ ಸ್ಪರ್ಧೆ) 2 ಕಿ.ಮೀ. ಸುತ್ತಿನ ಹಾದಿ ಆಗಬೇಕಿತ್ತು. ಐದು ಮೀಟರಿಗೊಂದು ಗೂಟ ಅಂದರೂ ಎರಡೂ ಬದಿ ಸೇರಿ 800. ತಿರುವಿನಲ್ಲಿ ಎರಡು ಮೀಟರಿಗೊಂದು ಬೇಕು. ಇಲ್ಲದಿದ್ದರೆ ಗೂಟಗಳಿಗೆ ಕಟ್ಟಿದ ಟೇಪು ಒಳಕ್ಕೆ ಜೋತು ಬಿದ್ದು ಓಡುವವರ ಕಾಲಿಗೆ ಸುತ್ತಿಕೊಳ್ಳುತ್ತದೆ. ನಮಗೆ ಸಿಕ್ಕ ಮೈದಾನದಲ್ಲಿ ಮೇಲೊಂದು ಗೇಣು ಎರೆಮಣ್ಣು, ಕೆಳಗೆಲ್ಲ ಗರಸು. ಬಿದಿರಿನ ಗೂಟವನ್ನು ಸುಮ್ಮನೆ ಬಡಿದರೆ ತಲೆ ಸೀಳುತ್ತದೆ. ಹಾರೆಯಿಂದ ತೂತು ಹಾಕಿ, ಗೂಟ ಇಳಿಸಿ, ಹಸಿ ಮಣ್ಣು ತುಂಬಿ ತುಳಿಯುವ ಕ್ರಮ ಅವರೇ ಹಾಕಿಕೊಂಡದ್ದು. ಗೂಟಗಳನ್ನು ತುಸು ಹೊರಕ್ಕೆ ವಾಲಿಸಿದ್ದೂ ಅವರ ಲೆಕ್ಕವೇ. ಗುಂಪು ಒತ್ತರಿಸಿದಾಗ ಅಂಚಿನಲ್ಲಿ ಓಡುವವರ ಭುಜಕ್ಕೆ ಅದು ತಾಕಲಿಲ್ಲ.

ಹಾದಿಯ ಕಾಂಗ್ರೆಸ್ ಕಸ (ಪಾರ್ಥೇನಿಯಂ) ಕಿತ್ತ ಹೆಣ್ಣುಮಕ್ಕಳಿಗೂ ಋಣಿ. ಇಲ್ಲಿನವರು ಗಾಜರ್ ಗವತ್ ಅನ್ನುವ ಈ ಗಿಡವನ್ನು ನಮ್ಮ ದೇಶದಲ್ಲಿ ಮೊದಲು ಗಮನಿಸಿದ್ದು ಪುಣೆಯಲ್ಲೇ, 1950ರ ದಶಕದಲ್ಲಿ. ಇನ್ನೂ ಊರು ಬಿಟ್ಟಿಲ್ಲ! ಕುಡುಗೋಲಿನಿಂದ ಕೊಯ್ದರೆ ಮೊಂಡು ಕಾಂಡ ಉಳಿದು ಕಾಲಿಗೆ ಚುಚ್ಚುತ್ತದೆ, ಆದ್ದರಿಂದ ಬೇರುಸಹಿತ ಕೀಳಬೇಕು. ಬರಿಗೈಯಲ್ಲಿ ಕಿತ್ತರೆ ಮೈ ತುರಿಸುತ್ತದೆ, ಕೈಗವಸು ಬೇಕು.

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಓಟ ಶುರುವಾಗುವ ಜಾಗ 20 ಮೀಟರ್ ಅಗಲ, 300 ಮೀಟರ್ ಉದ್ದ. ಚದರ ಮೀಟರಿಗೆ 5 ಲೀಟರಿನಂತೆ 30,000 ಲೀಟರ್, ಅಂದರೆ ಮೂರು ಟ್ಯಾಂಕರ್. ಓಟದ ದಿನ ಬೆಳಿಗ್ಗೆ ನೀರು ಬಿಟ್ಟರೆ ಎರೆಯ ಮೇಲ್ಪದರ ಮಾತ್ರ ಸಾಬೂನಿನ ಹಾಗೆ ಜಾರುತ್ತದೆ, ಒಳಗೆ ನೆಲ ಕಲ್ಲಿನಂತೆಯೇ ಇರುತ್ತದೆ. ಟ್ಯಾಂಕರಿನ ಅಣ್ಣಂದಿರು ಶುಕ್ರವಾರ ರಾತ್ರಿಯೇ ಬಂದರು. ಶನಿವಾರವಿಡೀ ನೀರು ಇಂಗಿತು. ಗಾಲಿಯ ಗುಂಡಿ ಬೀಳಬಾರದೆಂದು ಗಾಡಿಯನ್ನು ಹಾದಿಯ ಹೊರಗೇ ನಿಲ್ಲಿಸಿ ಪೈಪಿನಿಂದ ಹಾಯಿಸಿದರು. ಹೀಗಾಗಿ 9 ಮಿ.ಮೀ. ಸ್ಪೈಕ್ಸ್ (ಬೂಟಿನ ಅಡಿಯ ಮೊಳೆ) ಸಾಕಾಯಿತು. ಗರಸಿನ ಮೇಲೆ ಉದ್ದ ಮೊಳೆ ಹಾಕಿ ಓಡಿದರೆ ಮೊಳೆ ಇಳಿಯುವುದಿಲ್ಲ, ಅಂಗಾಲಿಗೇ ಒತ್ತುತ್ತದೆ. ಮೊಳೆ ತಿರುಗಿಸುವ ಸ್ಪೈಕ್ ಕೀಲಿ ಹಿಡಿದು ಕೂತು, ಮೊಳೆ ಕೂರುವ ತೂತುಗಳಲ್ಲಿ ಸೇರಿದ್ದ ಮಣ್ಣನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದುಕೊಟ್ಟ ಹುಡುಗರಿಗೂ ಇಲ್ಲೇ ಥ್ಯಾಂಕ್ಸ್.

ಮೊದಲ 300 ಮೀಟರಿನಲ್ಲಿ ಇಕ್ಕಟ್ಟು ಇರಬಾರದೆಂಬುದು ಅಂತರರಾಷ್ಟ್ರೀಯ ನಿಯಮ. ಅದಕ್ಕೇ ಅಷ್ಟು ಅಗಲ. ದೂರಗಳೂ ವಿಶ್ವ ಕ್ರಾಸ್ ಕಂಟ್ರಿ ಚಾಂಪಿಯನ್‌ಷಿಪ್‌ನವೇ: 20 ವರ್ಷದೊಳಗಿನ ಹುಡುಗಿಯರಿಗೆ ಮೂರು ಸುತ್ತು, ಹುಡುಗರಿಗೆ ನಾಲ್ಕು, ಸೀನಿಯರ್ ಗಂಡಸರಿಗೂ ಹೆಂಗಸರಿಗೂ ಐದೈದು. ಹೆಂಗಸರಿಗೆ 8 ಕಿ.ಮೀ. ಅಲ್ಲವೇ ಎಂದು ಕೇಳಿದ ಪಾಲಕರಿದ್ದರು. 2017ರಲ್ಲಿ ಉಗಾಂಡಾದ ಕಂಪಾಲಾದಲ್ಲಿ ನಡೆದ ವಿಶ್ವ ಕೂಟದಿಂದ ಅದೂ 10 ಆಗಿದೆ. ಜನ್ಮದಾಖಲೆ ನೋಡಿ ಕೂಗಾಟವಿಲ್ಲದೆ ಜೂನಿಯರ್ ಪಟ್ಟಿ ಮುಗಿಸಿದ ಅಕ್ಕೋರಿಗೆ ಶರಣು.

ಇನ್ನು ಮುಕ್ತಾಯದ ಗೆರೆ. ಅಲ್ಲಿ ನಿಂತ ಕನ್ನಡ ಶಾಲೆಯ ಮೇಷ್ಟ್ರುಗಳಿಗೆ ಎಷ್ಟು ಹೇಳಿದರೂ ಕಡಿಮೆ. ಗೆರೆ ದಾಟಿದ್ದನ್ನು ತಾನೇ ದಾಖಲಿಸುವ ಚಿಪ್ ಇಲ್ಲದ ಓಟದಲ್ಲಿ ಗಲಾಟೆ ಹುಟ್ಟುವುದು ಇಲ್ಲೇ. ಗೆರೆಯಿಂದ 8–10 ಮೀಟರ್ ಆಚೆ ಹಗ್ಗದ ಓಣಿಗಳು, ಒಂದೊಂದೂ 70–80 ಸೆಂ.ಮೀ. ಅಗಲ, ಒಳಗೆ ಯಾರೂ ಯಾರನ್ನೂ ದಾಟುವಂತಿಲ್ಲ. ಒಂದು ಓಣಿ ತುಂಬುತ್ತಲೇ ಕೊನೆಯವರ ಬೆನ್ನಿಗೆ ಹಗ್ಗ ಎಳೆದು ಪಕ್ಕದ್ದನ್ನು ತೆರೆಯಬೇಕು. ಇಲ್ಲಿ ಕೈ ತಡವಾದರೆ ಐದಾರು ಜನರ ಕ್ರಮ ಅದಲುಬದಲಾಗುತ್ತದೆ. ಸುಸ್ತಾದವರು ಓಣಿಯಲ್ಲೇ ಕೂತುಬಿಡುತ್ತಾರೆ. ಅವರನ್ನು ತೋಳು ಹಿಡಿದು ಮುಂದೆ ನಡೆಸಲೆಂದೇ ಇಬ್ಬರು ಬೇರೆ. ಒಬ್ಬರು ಎದೆಯ ನಂಬರು ಓದುತ್ತಾರೆ, ಇನ್ನೊಬ್ಬರು ಬರೆಯುತ್ತಾರೆ, ಓದುವವರು ಬರೆಯಹೋಗಬಾರದು.

ಇಷ್ಟು ನಿಗಾ ಯಾಕೆಂದರೆ ತಂಡದ ಪದಕ ನಿಲ್ಲುವುದೇ ಸ್ಥಾನಗಳ ಮೇಲೆ. ಆರು ಜನ ಓಡಿದರೂ ಲೆಕ್ಕಕ್ಕೆ ಬರುವವರು ನಾಲ್ವರು, ಅವರ ಸ್ಥಾನಗಳ ಮೊತ್ತ ಕಡಿಮೆಯಿದ್ದ ತಂಡಕ್ಕೆ ಗೆಲುವು. 1, 2, 3, 30 ಬಂದ ತಂಡದ್ದು 36. 7, 8, 9, 10 ಬಂದ ತಂಡದ್ದು 34, ಗೆದ್ದದ್ದು ಅದೇ. ಮೊತ್ತ ಸಮವಾದರೆ ಯಾರ ನಾಲ್ಕನೆಯವರು ಮುಂದಿದ್ದರೋ ಅವರಿಗೆ. ಹೀಗಾಗಿ 29ನೆಯವರೋ 30ನೆಯವರೋ ಎಂದು ಸರಿಯಾಗಿ ಬರೆಯುವುದು ಮೊದಲಿಗರನ್ನು ಗುರುತಿಸುವುದಕ್ಕಿಂತ ಕಷ್ಟದ ಕೆಲಸ. ಚಪ್ಪಾಳೆ ಮಾತ್ರ ಇರುವುದಿಲ್ಲ. ನಾಲ್ಕೂ ಓಟಗಳಲ್ಲಿ ಒಂದೂ ತಕರಾರು ಅರ್ಜಿ ಬರಲಿಲ್ಲ.

ಐಸ್ ತಂದವರಿಗೆ, ಟಬ್ಬು ತುಂಬಿಸಿಟ್ಟ ನರ್ಸ್ ಅಕ್ಕಂದಿರಿಗೆ: ಅದನ್ನು ಬಳಸುವ ಪ್ರಸಂಗ ಬರಲಿಲ್ಲ, ಹಾಗೆಂದು ದುಡ್ಡು ದಂಡವಾಯಿತು ಅಂದುಕೊಳ್ಳಬೇಡಿ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕ್ರಾಸ್ ಕಂಟ್ರಿ ಓಡಿದ 38 ಜನರಲ್ಲಿ ಸುಡುಬಿಸಿಲಿಗೆ 15 ಜನ ಮಾತ್ರ ಓಟ ಮುಗಿಸಿದರು, ಆಮೇಲೆ ಒಲಿಂಪಿಕ್ಸ್ ಈ ಓಟವನ್ನೇ ಕೈಬಿಟ್ಟಿತು. 2007ರ ವಿಶ್ವ ಕೂಟ ನಡೆದ ಕೆನ್ಯಾದ ಮೊಂಬಾಸಾದ ಸೆಕೆಯಲ್ಲಿ, ಸತತ ಐದು ವರ್ಷ ಗೆದ್ದಿದ್ದ ಇಥಿಯೋಪಿಯಾದ ಕೆನೆನಿಸಾ ಬೆಕೆಲೆ ಕೂಡ ಓಟ ಮುಗಿಸಲಾಗದೆ ನಿಂತರು; ಗೆದ್ದವರು ಎರಿಟ್ರಿಯದ ಝೆರ್ಸೆನಾಯ್ ತಡೆಸೆ. ಬಿಸಿಲಿನ ಹೊಡೆತಕ್ಕೆ ಕುಸಿದವರನ್ನು ಮೊದಲು ತಣ್ಣೀರಿನಲ್ಲಿ ಮುಳುಗಿಸಿ ಮೈ ತಂಪು ಮಾಡಬೇಕು, ಆಂಬುಲೆನ್ಸ್ ಆಮೇಲೆ. ಟಬ್ಬು ಗೆರೆಯ ಪಕ್ಕದಲ್ಲೇ ಇದ್ದದ್ದು ಅದಕ್ಕೆ.

ಒಂದು ತಪ್ಪು ನಮ್ಮದು. ನಂಬರಿಗೆ ಎರಡೇ ಪಿನ್ ಸಾಕೆಂದು ತಂದಿದ್ದೆವು; ನಾಲ್ಕು ಮೂಲೆಗೂ ಹಾಕದಿದ್ದರೆ ಗಾಳಿಗೆ ಮಡಚಿಕೊಂಡು ನಂಬರೇ ಕಾಣುವುದಿಲ್ಲ. ಸೀರೆಯಿಂದ ಪಿನ್ ಬಿಚ್ಚಿ ಕೊಟ್ಟ ಅಮ್ಮಂದಿರು ಮಾನ ಉಳಿಸಿದರು.

ಓಟದ ಸಂಜೆ ಗೂಟ ಕಿತ್ತು, ಬೆಳಗಿನ ವಾಕಿಂಗಿಗೆ ಬರುವವರ ಕಾಲು ಉಳುಕಬಾರದೆಂದು ಒಂದೊಂದು ತೂತಿಗೂ ಮಣ್ಣು ತುಂಬಿದವರೂ ಆ ಅಣ್ಣ–ಅಕ್ಕಂದಿರೇ. ಗೂಟದ ಕಟ್ಟುಗಳಲ್ಲಿ ನಿಮ್ಮ ಹಾರೆಯೂ ಒಂದು ಬಂದಿದೆ. ಹಿಡಿಗೆ ಕೆಂಪು ದಾರ ಸುತ್ತಿದೆ. ಯಾರದು ತಿಳಿಸಿ, ಮನೆಗೇ ತಂದುಕೊಡುತ್ತೇವೆ.