ಕಿಂಗ್ಸ್ ತಂಡ ಬೇಕಂತಲೇ ಸೋಲೋದು ಬೇಡ, ಹುಡುಗರನ್ನ ಆಡಿಸಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಕ್ರೀಡಾ ಪುಟದ ಕೆಳಗಿನ ಮೂಲೇಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಬಗ್ಗೆ ನಾಲ್ಕು ಸಾಲು ಬಂದಿತ್ತು, ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತೆ ಸೋತ್ರು ಅಂತ. ಕ್ರಿಕೆಟ್ ಸುದ್ದಿ ನಡುವೆ ಬಾಸ್ಕೆಟ್‌ಬಾಲ್‌ಗೂ ಅಷ್ಟು ಜಾಗ ಕೊಟ್ರಲ್ಲ ಅಂತ ಖುಷಿ ಆಯ್ತು, ಆದ್ರೆ ಕೊನೇ ಸಾಲು, ಅಂದ್ರೆ ಇನ್ನು ಉಳಿದ ಮ್ಯಾಚ್ ಎಲ್ಲಾ ಸೋತು ಡ್ರಾಫ್ಟ್‌ನಲ್ಲಿ (ಪ್ರತಿ ವರ್ಷ ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸ್ಕೊಳ್ಳೋದು) ಮೊದಲ ಪಿಕ್, ಅಂದ್ರೆ ಮೊದಲ ಸರದಿ, ಹಿಡಿಯೋದೊಂದೇ ಈ ತಂಡಕ್ಕೆ ದಾರಿ ಅನ್ನೋ ಮಾತು, ಅದನ್ನ ಓದಿದಾಗಿಂದ ಸಮಾಧಾನ ಇಲ್ಲ. ಅದಕ್ಕೇ ಈ ಪತ್ರ ಬರೀತಿದ್ದೀನಿ.

ನಾನು ಮುಂಬೈಯ ಮಾಟುಂಗದಲ್ಲಿ ನಮ್ಮ ಮಾವನ ಹೋಟೆಲಲ್ಲಿ ಗಲ್ಲಾ ನೋಡ್ಕೊಳ್ಳೋನು, ಊರು ಕುಂದಾಪುರದ ಕಡೆ. ಇಲ್ಲಿ ಇಂಡಿಯನ್ ಜಿಮ್ಖಾನಾದ ಕೋರ್ಟ್ ಹತ್ರಾನೇ ಬೆಳೆದಿದ್ರಿಂದ ಬಾಸ್ಕೆಟ್‌ಬಾಲ್ ಚಿಕ್ಕಂದಿನಿಂದ ಹಚ್ಕೊಂಡಿದೆ. ಸ್ಯಾಕ್ರಮೆಂಟೊದಲ್ಲಿ ರಾತ್ರಿ ಏಳಕ್ಕೆ ಮ್ಯಾಚ್ ಶುರು ಆದ್ರೆ ಚಳಿಗಾಲದಲ್ಲಿ ನಮಗೆ ಬೆಳಿಗ್ಗೆ ಎಂಟೂವರೆ, ಇಡ್ಲಿ ವಡೆ ರಶ್ ಜೋರಾಗಿರೋ ಹೊತ್ತು. ಮೊಬೈಲನ್ನ ಸೋಂಪಿನ ಬಟ್ಟಲಿಗೆ ಆನಿಸಿಟ್ಟು ಸೌಂಡ್ ಆಫ್ ಮಾಡಿ ಒಂದು ಕಣ್ಣು ಬಿಲ್ ಮೇಲೆ ಒಂದು ಕಣ್ಣು ಸ್ಕೋರ್ ಮೇಲೆ ಇಟ್ಕೊಂಡು ನೋಡೋದು. ಹತ್ತೂವರೆ ಹೊತ್ತಿಗೆ ರಶ್ ಇಳಿಯುತ್ತೆ, ಆಗ ನಮ್ಮ ನಾಲ್ಕೈದು ಜನರ ಚರ್ಚೆ ಶುರು. ಜಿಮ್ಖಾನಾದಲ್ಲಿ ಪ್ರಾಕ್ಟೀಸ್ ಮುಗಿಸಿ ಬರೋ ಇಬ್ಬರು ಕಾಲೇಜ್ ಹುಡುಗರು, ಬ್ಯಾಂಕಿಂದ ರಿಟೈರ್ ಆದ ಒಬ್ಬರು ಮಾಮ, ನನ್ನ ಅಕ್ಕನ ಮಗ, ನಾನು. ಫಿಲ್ಟರ್ ಕಾಫಿ ಆರಿ ಹೋಗುತ್ತೆ, ಜಗಳ ಮುಗಿಯಲ್ಲ.

ಮುಂಬೈಯವರಿಗೆ ಅಮೆರಿಕದ ಈ ತಂಡದ ಚಿಂತೆ ಯಾಕೆ ಅಂತ ಓದುಗರು ಕೇಳಬಹುದು. 2019ರ ಅಕ್ಟೋಬರ್ 4 ಮತ್ತೆ 5ಕ್ಕೆ ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ನಮ್ಮ ದೇಶದ ಮೊದಲ ಎನ್‌ಬಿಎ ಮ್ಯಾಚ್‌ಗಳು ನಡೆದಾಗ ಬಂದಿದ್ದೇ ಕಿಂಗ್ಸ್ ಮತ್ತೆ ಇಂಡಿಯಾನಾ ಪೇಸರ್ಸ್. ಕಿಂಗ್ಸ್ ಮಾಲೀಕರು ವಿವೇಕ್ ರಣದಿವೆ ಹುಟ್ಟಿದ್ದೇ ಮುಂಬೈಯಲ್ಲಿ, 2013ರಲ್ಲಿ ಆ ತಂಡ ಇನ್ನೇನು ಸಿಯಾಟಲ್‌ಗೆ ಹೋಗೇಬಿಡ್ತು ಅನ್ನೋ ಹೊತ್ತಲ್ಲಿ ಕೊಂಡ್ಕೊಂಡು ಸ್ಯಾಕ್ರಮೆಂಟೊದಲ್ಲೇ ಉಳಿಸಿದ ಗುಂಪಿನ ಮುಂದಾಳು ಅವರು, ಆ ಉಪಕಾರಾನ ಯಾರೂ ಮರೀಬಾರದು. ಭಾರತೀಯ ಮೂಲದ ಆಟಗಾರ ಮೊದಲ ಸಲ ಎನ್‌ಬಿಎ ಮ್ಯಾಚ್ ಆಡಿದ್ದೂ, 2015ರಲ್ಲಿ ಕೆನಡಾದ ಸಿಮ್ ಭುಲ್ಲರ್, ಇದೇ ಕಿಂಗ್ಸ್ ಜರ್ಸೀಲಿ. ಡೋಮ್‌ನಲ್ಲಿ ಮೊದಲ ದಿನದ ಮ್ಯಾಚ್ ಸ್ಕೂಲ್ ಮಕ್ಕಳಿಗೆ ಅಂತ ಇಟ್ಟಿದ್ರು, ಓವರ್‌ಟೈಮ್‌ಗೆ ಹೋಗಿ 132-131ಕ್ಕೆ ಪೇಸರ್ಸ್ ಗೆದ್ದಿದ್ರು. ನಾನು ಹೋಗಿದ್ದು ಎರಡನೇ ದಿನ, ಕೂಡಿಟ್ಟ ದುಡ್ಡಲ್ಲಿ ಟಿಕೆಟ್ ತಗೊಂಡು. ಕಿಂಗ್ಸ್ 130-106ಕ್ಕೆ ಸೋತ್ರು. ಆದ್ರೆ ಮರದ ಫ್ಲೋರ್ ಮೇಲೆ ಶೂ ಕೀಚ್ ಕೀಚ್ ಅನ್ನೋ ಸದ್ದು ಅಷ್ಟು ಹತ್ತಿರದಿಂದ ಕೇಳಿದ್ದು ಅವತ್ತೇ ಮೊದಲು, ಟಿವೀಲಿ ಆ ಸದ್ದು ಹಾಗೆ ಮೈಗೆ ತಟ್ಟಲ್ಲ, ಅವತ್ತಿಂದ ಈ ತಂಡ ನನ್ನದು.

ಈಗ ಆ ತಂಡದ ಸ್ಥಿತಿ ನೋಡಿ. ಅವತ್ತು ಮುಂಬೈಗೆ ಬಂದ ಟೀಮಿನ ಕಣ್ಮಣಿ ಡಿಆರನ್ ಫಾಕ್ಸ್ ಇವತ್ತು ಸ್ಯಾನ್ ಆಂಟೋನಿಯೊ ಸ್ಪರ್ಸ್‌ನಲ್ಲಿದ್ದಾನೆ. ಅವತ್ತು ಎದುರಾಳಿ ಪೇಸರ್ಸ್ ಜೊತೆ ಬಂದಿದ್ದ ಡೊಮಾಂಟಸ್ ಸಬೋನಿಸ್ ಆಮೇಲೆ ಕಿಂಗ್ಸ್‌ಗೆ ಬಂದ. ನಡುವೆ ಆದ ಕಥೆ ಗೊತ್ತಿಲ್ದೆ ಈಗಿನ ಆಟಗಾರರ ಪಟ್ಟಿ ಬಗ್ಗೆ ಮಾತಾಡೋಕೆ ಆಗಲ್ಲ, ಅದಕ್ಕೇ ಹೇಳ್ತೀನಿ.

2006ರ ನಂತರ ಹದಿನಾರು ಸೀಸನ್ ಈ ತಂಡ ಪ್ಲೇಆಫ್ (ಲೀಗ್ ಹಂತ ಮುಗಿದ ಮೇಲಿನ ನಾಕೌಟ್) ಮುಖಾನೇ ನೋಡಲಿಲ್ಲ, ಎನ್‌ಬಿಎ ಇತಿಹಾಸದಲ್ಲೇ ಅದು ಅತೀ ದೊಡ್ಡ ಬರ. ಆ ಹದಿನಾರು ವರ್ಷದಲ್ಲಿ ಒಳ್ಳೇ ಪಿಕ್ ಸಿಗಲಿಲ್ವಾ, ಸಿಕ್ತು. 2018ರಲ್ಲಿ ಎರಡನೇ ಪಿಕ್ ಸಿಕ್ಕಿತ್ತು, ಲೂಕಾ ಡಾಂಚಿಚ್ ಇನ್ನೂ ಉಳಿದಿದ್ದ, ಇವರು ಮಾರ್ವಿನ್ ಬ್ಯಾಗ್ಲಿನ ತಗೊಂಡ್ರು. 2020ರಲ್ಲಿ ಹನ್ನೆರಡನೇ ಪಿಕ್‌ನಲ್ಲಿ ಟೈರೀಸ್ ಹ್ಯಾಲಿಬರ್ಟನ್ ಸಿಕ್ಕಿದ್ದು ದೇವರೇ ಕೈಗೆ ಕೊಟ್ಟ ಹಾಗೆ, ಎರಡನೇ ವರ್ಷ ಮುಗಿಯೋಕೆ ಮುಂಚೇನೇ, 2022ರ ಫೆಬ್ರವರೀಲಿ, ಪೇಸರ್ಸ್‌ಗೆ ಕೊಟ್ಟು ಸಬೋನಿಸ್‌ನ ತಂದ್ರು. ಆ ಟ್ರೇಡ್ ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ಸಬೋನಿಸ್ ಬೆವರು ಸುರಿಸಿ ಆಡೋನು, ಮೂರು ಸೀಸನ್ ಸತತವಾಗಿ ಇಡೀ ಲೀಗಲ್ಲಿ ರೀಬೌಂಡ್‌ನಲ್ಲಿ (ಬುಟ್ಟಿಗೆ ಬೀಳದೆ ಪುಟಿದ ಬಾಲ್ ಹಿಡಿಯೋದು) ನಂಬರ್ ಒನ್. 2022-23ರಲ್ಲಿ 48 ಗೆಲುವು, ಮೈಕ್ ಬ್ರೌನ್‌ಗೆ ಎಲ್ಲಾ ಓಟೂ ಬಿದ್ದು ವರ್ಷದ ಕೋಚ್ ಪ್ರಶಸ್ತಿ, ಗೆದ್ದ ದಿನ ಸ್ಟೇಡಿಯಂ ಮೇಲಿಂದ ಆಕಾಶಕ್ಕೆ ನೇರಳೆ ಬಣ್ಣದ ಲೈಟು. ಪ್ಲೇಆಫ್‌ನಲ್ಲಿ ವಾರಿಯರ್ಸ್ ವಿರುದ್ಧ ಸರಣಿಯ ಏಳನೇ, ಕೊನೇ ಮ್ಯಾಚು ನಮಗೆ ಮೇ 1ರ ನಡುರಾತ್ರಿ ಕಳೆದ ಮೇಲೆ, ಮಹಾರಾಷ್ಟ್ರ ದಿನ. ಸ್ಟೆಫ್ ಕರಿ 50 ಪಾಯಿಂಟ್ ಹೊಡೆದು ನಮ್ಮನ್ನ ಮನೆಗೆ ಕಳಿಸಿದ. ಬೆಳಿಗ್ಗೆ ಐದಕ್ಕೆ ಹೋಟೆಲ್ ಶಟರ್ ಎತ್ತಬೇಕಿತ್ತು, ಎತ್ತಿದೆ, ಆದ್ರೆ ಅವತ್ತು ಯಾರ ಹತ್ರಾನೂ ಮಾತಾಡೋಕೆ ಆಗಲಿಲ್ಲ. ಬೇಜಾರಿತ್ತು ನಿಜ, ಆದ್ರೂ ಈ ತಂಡ ಇನ್ನು ಹತ್ತು ವರ್ಷ ಹೀಗೇ ಆಡುತ್ತೆ ಅನ್ನೋ ನಂಬಿಕೆ ಇತ್ತು.

ಹತ್ತಲ್ಲ, ಎರಡು ವರ್ಷಾನೂ ತಡೀಲಿಲ್ಲ. 2024ರ ಡಿಸೆಂಬರಲ್ಲಿ 13-18 (13 ಗೆಲುವು, 18 ಸೋಲು) ಇದ್ದಾಗ ಬ್ರೌನ್‌ನ ತೆಗೆದ್ರು. ಫೆಬ್ರವರೀಲಿ ಫಾಕ್ಸ್ ಹೋದ, ಬದಲಿಗೆ ಝ್ಯಾಕ್ ಲವೀನ್ ಬಂದ, ಜೊತೆಗೆ ಮೊದಲ ರೌಂಡಿನ ಕೆಲವು ಪಿಕ್ಕು. 40-42ಕ್ಕೆ ಸೀಸನ್ ಮುಗಿದು ಪ್ಲೇ-ಇನ್‌ನಲ್ಲಿ (ಪ್ಲೇಆಫ್‌ನ ಕೊನೇ ಜಾಗಗಳಿಗೆ ನಡೆಯೋ ಮ್ಯಾಚು) ಡಲ್ಲಾಸ್ ಕೈಲಿ ಸೋತ ಮೇಲೆ ಜನರಲ್ ಮ್ಯಾನೇಜರ್ ಕೂಡ ಹೋದ್ರು. ಅದೇ ಬೇಸಿಗೇಲಿ ಹ್ಯಾಲಿಬರ್ಟನ್ ಪೇಸರ್ಸ್‌ನ ಫೈನಲ್‌ಗೆ ಕರ್ಕೊಂಡು ಹೋಗಿ ಏಳನೇ ಮ್ಯಾಚ್‌ವರೆಗೂ ಆಡಿದ್ದನ್ನ ನಾವು ಹೋಟೆಲಲ್ಲಿ ಕೂತು ನೋಡಿದ್ವಿ, ಮಾಮ ಒಂದೇ ಮಾತು ಹೇಳಿದ್ರು, ಇವನು ನಮ್ಮ ಹುಡುಗ ಕಣಯ್ಯಾ ಅಂತ.

ಇನ್ನು ಈಗಿನ, 2025-26ರ ತಂಡ. ಡಿಮಾರ್ ಡಿರೋಜನ್ ಹುಟ್ಟಿದ್ದು 1989ರಲ್ಲಿ, 2025ರ ಅಕ್ಟೋಬರಲ್ಲಿ ಸೇರಿಸ್ಕೊಂಡ ರಸೆಲ್ ವೆಸ್ಟ್‌ಬ್ರೂಕ್ 1988ರವನು. ಇಬ್ಬರೂ ದೊಡ್ಡ ಆಟಗಾರರು, ವೆಸ್ಟ್‌ಬ್ರೂಕ್ 2017ರಲ್ಲಿ ಎಂವಿಪಿ, ಅಂದ್ರೆ ಲೀಗಿನ ಅತ್ಯುತ್ತಮ ಆಟಗಾರ, ಆದವನು, ಗೌರವ ಬಿಟ್ಟು ನಾನು ಒಂದು ಮಾತೂ ಆಡಲ್ಲ. ಆದ್ರೆ ಡಿರೋಜನ್‌ಗೂ ಲವೀನ್‌ಗೂ ಸಬೋನಿಸ್‌ಗೂ ಬಾಲ್ ಕೈಯಲ್ಲೇ ಇರಬೇಕು, ಡಿಫೆನ್ಸ್‌ನಲ್ಲಿ ಮೂವರೂ ಗಟ್ಟಿ ಅಲ್ಲ, ರಿಮ್, ಅಂದ್ರೆ ನಮ್ಮ ಬುಟ್ಟಿ, ಕಾಯೋರು ಯಾರು ಅಂತ ಕೇಳಿದ್ರೆ ಉತ್ತರ ಇಲ್ಲ. ಲವೀನ್ ಒಬ್ಬನದೇ 2025-26ರ ಸಂಬಳ ಸುಮಾರು 4.7 ಕೋಟಿ ಡಾಲರ್. ನಮ್ಮ ಓದುಗರಲ್ಲಿ ಐಪಿಎಲ್ ಹರಾಜು ನೋಡಿದವರು ಇದನ್ನ ಮಾರಿಬಿಡಿ ಅಂತಾರೆ, ಎನ್‌ಬಿಎಯಲ್ಲಿ ಹಾಗೆ ದುಡ್ಡಿಗೆ ಮಾರೋಕೆ ಆಗಲ್ಲ, ಸಾಮಾನ್ಯವಾಗಿ ಕೊಡೋ ಆಟಗಾರನ ಸಂಬಳಕ್ಕೂ ತಗೊಳ್ಳೋ ಆಟಗಾರನ ಸಂಬಳಕ್ಕೂ ಹೆಚ್ಚುಕಮ್ಮಿ ತಾಳೆ ಆಗಬೇಕು, ಅಷ್ಟು ದೊಡ್ಡ ಸಂಬಳ ಹೊತ್ಕೊಳ್ಳೋಕೆ ಎದುರಿನ ತಂಡ ಒಪ್ಪಬೇಕು. ಅದಕ್ಕೇ ಈ ಗಂಟು ಸುಲಭಕ್ಕೆ ಬಿಚ್ಚಲ್ಲ.

ನಮ್ಮ ಗುಂಪಲ್ಲಿ ಕಾಲೇಜ್ ಹುಡುಗರ ವಾದ ನಿಮ್ಮ ಪತ್ರಿಕೆ ಬರೆದ ಥರಾನೇ, ಎಲ್ಲಾ ಸೋಲಲಿ ಮೊದಲ ಪಿಕ್ ಸಿಗಲಿ ಅಂತ. ಅಕ್ಕನ ಮಗ ಇನ್ನೊಬ್ಬ ಸ್ಟಾರ್‌ನ ತರಲಿ ಅಂತಾನೆ. ನನಗೆ ಎರಡೂ ಒಪ್ಪಿಗೆ ಇಲ್ಲ.

ಸೋತ್ರೆ ಪಿಕ್ ಗ್ಯಾರಂಟಿ ಅನ್ನೋದೇ ತಪ್ಪು ಲೆಕ್ಕ. ಮುಂಚೆ ಎಲ್ಲರಿಗಿಂತ ಕೊನೇಲಿರೋ ತಂಡಕ್ಕೆ ಮೊದಲ ಪಿಕ್ ಯಾರಿಗೆ ಅಂತ ತೀರ್ಮಾನಿಸೋ ಲಾಟರೀಲಿ ನೂರಕ್ಕೆ 25 ಚಾನ್ಸ್ ಇತ್ತು, 2019ರಲ್ಲಿ ರೂಲ್ ಬದಲಾಗಿ ಕೊನೇ ಮೂರೂ ತಂಡಕ್ಕೆ ತಲಾ 14 ಆಯ್ತು. 2025ರಲ್ಲಿ ಬರೀ 1.8 ಚಾನ್ಸ್ ಇದ್ದ ಡಲ್ಲಾಸ್‌ಗೆ ಮೊದಲ ಪಿಕ್ ಬಂದು ಕೂಪರ್ ಫ್ಲ್ಯಾಗ್ ಸಿಕ್ಕಿದ. ಡಿಟ್ರಾಯಿಟ್ ಪಿಸ್ಟನ್ಸ್ 2023-24ರಲ್ಲಿ ಸತತ 28 ಮ್ಯಾಚ್ ಸೋತು 14-68ಕ್ಕೆ ಮುಗಿಸಿದ್ರೂ ಸಿಕ್ಕಿದ್ದು ಐದನೇ ಪಿಕ್. ಮಾರನೇ ವರ್ಷ ಅವರು 44 ಗೆದ್ದಿದ್ದು ಆ ಪಿಕ್ಕಿಂದಲ್ಲ, ಅಷ್ಟು ಸೋತಾಗಲೂ ಕೇಡ್ ಕನ್ನಿಂಗ್‌ಹ್ಯಾಮ್‌ನ ಬಿಟ್ಕೊಡದೆ ಅವನ ಸುತ್ತ ಬೇಕಾದವರನ್ನ ಇಟ್ಟಿದ್ರಿಂದ. ಕೋಚ್ ಬದಲಿಸಿದ್ರು ನಿಜ, ಒಪ್ತೀನಿ. ಆದ್ರೆ ಒಕ್ಲಹೋಮಾ ಸಿಟಿ ನೋಡಿ, ಮಾರ್ಕ್ ಡೇಗ್ನಾಲ್ಟ್ ಕೋಚ್ ಆದ ಮೊದಲ ಎರಡು ಸೀಸನ್ 22-50, 24-58. ಬೇರೆ ಕಡೆ ಆಗಿದ್ರೆ ಎರಡನೇ ವರ್ಷಕ್ಕೇ ಮನೆಗೆ ಕಳಿಸ್ತಿದ್ರು. ಅವರು ಉಳಿಸ್ಕೊಂಡ್ರು, 2025ರಲ್ಲಿ ಚಾಂಪಿಯನ್ ಆದ್ರು.

ಕಿಂಗ್ಸ್‌ನಲ್ಲಿ 2013ರಿಂದ ಎಷ್ಟು ಕೋಚ್ ಗೊತ್ತಾ, ಮಧ್ಯಂತರದವರನ್ನೂ ಸೇರಿಸಿದ್ರೆ ಮಲೋನ್, ಕಾರ್ಬಿನ್, ಕಾರ್ಲ್, ಜೇಗರ್, ವಾಲ್ಟನ್, ಜೆಂಟ್ರಿ, ಬ್ರೌನ್, ಈಗ ಡಗ್ ಕ್ರಿಸ್ಟಿ, ಎಂಟು ಜನ. ಮೈಕೆಲ್ ಮಲೋನ್‌ನ 2014ರಲ್ಲಿ ತೆಗೆದಾಗ ತಂಡ 11-13, ಅದೂ ಡಿಮಾರ್ಕಸ್ ಕಸಿನ್ಸ್ ಕಾಯಿಲೆ ಬಿದ್ದು ಮಲಗಿದ್ದ ಹೊತ್ತಲ್ಲಿ. ಅದೇ ಮಲೋನ್ 2023ರಲ್ಲಿ ಡೆನ್ವರ್‌ಗೆ ಕಪ್ ಗೆದ್ದು ಕೊಟ್ರು.

ನಮ್ಮ ಹೋಟೆಲಲ್ಲಿ ಹೊಸ ದೋಸೆ ಕಾವಲಿ ತಂದಾಗ ಏನಾಗುತ್ತೆ ಹೇಳ್ತೀನಿ. ಮೊದಲ ದಿನ ದೋಸೆ ಎಲ್ಲಾ ಅಂಟುತ್ತೆ, ಹರಿಯುತ್ತೆ, ಗಿರಾಕಿ ಬೈತಾರೆ. ಭಟ್ರು ಈರುಳ್ಳಿ ಅರ್ಧ ಕಟ್ ಮಾಡಿ ಎಣ್ಣೇಲಿ ಅದ್ದಿ ಉಜ್ಜಿ ಉಜ್ಜಿ, ನಿಧಾನ ಉರೀಲಿ ಕಾಯಿಸಿ, ಹಾಳಾದ ದೋಸೆ ಪಕ್ಕಕ್ಕಿಡ್ತಾ ಇನ್ನೊಂದು ಹುಯ್ತಾರೆ, ಹತ್ತು ಹದಿನೈದು ದಿನ ಆದ್ಮೇಲೆ ಅದು ಪಳಗುತ್ತೆ, ಆಮೇಲೆ ಸಟ್ಟುಗ ತಾಗಿಸಿದ್ರೆ ಸಾಕು ದೋಸೆ ತಾನೇ ಏಳುತ್ತೆ. ಅಂಟಿತು ಅಂತ ದಿನಾ ಹೊಸ ಕಾವಲಿ ತಂದ್ರೆ ದಿನಾ ಅಂಟೋ ದೋಸೇನೇ. ಕಿಂಗ್ಸ್ ಮಾಡ್ತಿರೋದು ಅದನ್ನೇ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಕೀಗನ್ ಮರೆ ಮೊದಲ ವರ್ಷವೇ 206 ತ್ರೀ (ದೂರದಿಂದ ಹಾಕೋ ಮೂರು ಪಾಯಿಂಟಿನ ಬುಟ್ಟಿ) ಹಾಕಿ ಆಗ ಮೊದಲ ವರ್ಷದ ಆಟಗಾರರ ದಾಖಲೆ ಮಾಡಿದವನು, ಅವನನ್ನ ಯಾರು ಕೇಳಿದ್ರೂ ಕೊಡಬಾರದು. ಡೆವಿನ್ ಕಾರ್ಟರ್, ನೀಕ್ ಕ್ಲಿಫರ್ಡ್, ಮ್ಯಾಕ್ಸಿಮ್ ರೇನೊ, ಇವರಿಗೆ ತಪ್ಪು ಮಾಡೋಕೆ ಬಿಟ್ಟು ಆಡಿಸಬೇಕು, ಎರಡು ಬಾಲ್ ಕಳ್ಕೊಂಡ ಅಂತ ಬೆಂಚಿಗೆ ಎಳೀಬಾರದು. ಡಿರೋಜನ್, ಲವೀನ್‌ಗೆ ಕಪ್ ಗೆಲ್ಲೋ ಅವಕಾಶ ಇರೋ ತಂಡ ಸಿಕ್ರೆ ಸಣ್ಣ ಪಿಕ್ ಬಂದ್ರೂ ಸರಿ, ಮರ್ಯಾದೆಯಿಂದ ಕಳಿಸಲಿ. ಸಬೋನಿಸ್ ವಿಷಯದಲ್ಲಿ ನನಗೇ ಮನಸ್ಸು ಎರಡಾಗುತ್ತೆ, ಅವನ ವಯಸ್ಸಿಗೂ ಈ ಹುಡುಗರು ತಯಾರಾಗೋ ಹೊತ್ತಿಗೂ ಹೊಂದಲ್ಲ ಅಂತ ತಲೆ ಹೇಳುತ್ತೆ, ಆದ್ರೂ ಅವನು ಹೋದ್ರೆ ಆ ನೇರಳೆ ಲೈಟಿನ ವರ್ಷದ ಬೇರೇ ಕಿತ್ತು ಹೋದ ಹಾಗೆ. ಕೋಚ್ ಯಾರೇ ಇರಲಿ, ಮೂರು ವರ್ಷ ಕುರ್ಚಿ ಅಲ್ಲಾಡಿಸಬಾರದು. ಸೋತ್ರೆ ಸೋಲಲಿ, ಹುಡುಗರು ಆಡಿ ಸೋತಿದ್ದು ಬೇರೆ, ಆಡೋರನ್ನ ಕೂರಿಸಿ ಬೇಕಂತ ಸೋತಿದ್ದು ಬೇರೆ. ಟಿಕೆಟ್ ಕೊಟ್ಟು ಮಕ್ಕಳನ್ನ ಕರ್ಕೊಂಡು ಬರೋ ಅಪ್ಪಂದಿರು ಆ ಊರಲ್ಲೂ ಇದ್ದಾರೆ, ಅವರಿಗೆ ಪ್ರಾಮಾಣಿಕವಾದ ಆಟ ಸಿಗಲೇಬೇಕು.

ಕೊನೇದಾಗಿ ಪತ್ರಿಕೆಗೆ ಒಂದು ವಿನಂತಿ. ಎನ್‌ಬಿಎ ಸುದ್ದಿ ಹಾಕ್ತಾ ಇರಿ, ಅದರ ಜೊತೆ ಮಾಟುಂಗ, ನಾಗಪಾಡಾ ಕೋರ್ಟುಗಳಲ್ಲಿ ನಡೆಯೋ ಟೂರ್ನಮೆಂಟಿನ ಸ್ಕೋರೂ ಹಾಕಿ. ನಮ್ಮ ಹೋಟೆಲಿಗೆ ಬರೋ ಆ ಇಬ್ಬರು ಹುಡುಗರು ತಮ್ಮ ಹೆಸರು ಕನ್ನಡ ಅಕ್ಷರದಲ್ಲಿ ಪೇಪರಲ್ಲಿ ಬಂದಿದ್ದನ್ನ ಇನ್ನೂ ನೋಡಿಲ್ಲ.

ಇಂತಿ,
ನಿಮ್ಮ ಓದುಗ, ಮಾಟುಂಗ, ಮುಂಬೈ