ಅಂಬಿಗ ಯಾರು?

ಗೆಳೆಯರೇ, ನಮಸ್ಕಾರ.

ರಾತ್ರಿ ಹನ್ನೊಂದೂವರೆ ಆಗಿದೆ. ನಮ್ಮ ಬಳಗದ ಪತ್ರಿಕೆಯ ಈ ಸಂಚಿಕೆ ನಾಳೆ ಬೆಳಗ್ಗೆ ನಿಮ್ಮ ಕೈ ಸೇರಬೇಕು. ಉಳಿದ ಪುಟಗಳೆಲ್ಲ ಮುಗಿದಿವೆ, ಇದೊಂದು ಮಾತ್ರ ಖಾಲಿ ಇದೆ. ಬೇಸಿಗೆ ಶಿಬಿರದ ವಿವರ ಬರೆದು ಮಲಗೋಣ ಅಂತ ಕೂತೆ. ಆದರೆ ಸಂಜೆ ಊಟಕ್ಕೆ ಕೂತಾಗ ಮಗಳು ಕೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. ಮೊದಲು ಅದನ್ನೇ ಬರೆಯುತ್ತೇನೆ.

ಈ ಸಲ ಶಿಬಿರ ಇಲ್ಲಿ ಅಮೆರಿಕದ ಡೆಲವೇರ್ ನದಿಯ ದಂಡೆಯಲ್ಲಿ, ದೋಣಿ ನಡೆಸೋದೂ ಇದೆ ಅಂತ ಅವಳಿಗೆ ಹೇಳಿದೆ. ಒಂಬತ್ತು ವರ್ಷದ ಹುಡುಗಿ. ರೊಟ್ಟಿ ಮುರಿಯುತ್ತಾ ಕೇಳಿದಳು: "ಅಮ್ಮಾ, ನಿಮ್ಮೂರಲ್ಲಿ ನದಿ ಇತ್ತಾ? ನೀನು ಯಾವಾಗ್ಲೂ ಬಿಸಿಲಿನ ಕಥೆ ಮಾತ್ರ ಹೇಳ್ತೀಯಲ್ಲ?"

ಊರಿಂದ ಬಂದಿರುವ ಅವ್ವ ಪಕ್ಕದಲ್ಲೇ ಕೂತಿದ್ದಳು. ತುತ್ತು ಕೈಯಲ್ಲೇ ನಿಂತಿತು. "ನದಿ ಇಲ್ಲೇನ ನಮ್ಮೂರಾಗ? ಭೀಮಾ ನದಿ ದಂಡಿ ಮ್ಯಾಗೇ ಹುಟ್ಟೀನವ್ವಾ ನಾ!" ಅಂದಳು. ಬೇಜಾರಾಗಿತ್ತು ಅವಳಿಗೆ. ನನಗೂ.

ಯೋಚಿಸಿ ನೋಡಿದರೆ ತಪ್ಪು ನಮ್ಮದೇ. ಕಲಬುರಗಿ, ಯಾದಗಿರಿ ಅಂದ ತಕ್ಷಣ ನಾವು ಹೇಳುವುದು ಏಪ್ರಿಲ್-ಮೇ ತಿಂಗಳ ಉರಿ, ಮಾಳಿಗೆ ಮೇಲೆ ನೀರು ಚಿಮುಕಿಸಿ ಮಲಗಿದ್ದು, ಕೊಡ ಹಿಡಿದು ನಳದ ಮುಂದೆ ಸರದಿ ನಿಂತಿದ್ದು. ಇವನ್ನೇ ಕೇಳಿ ಬೆಳೆದ ಮಕ್ಕಳು ನಮ್ಮ ಸೀಮೆಯಲ್ಲಿ ನೀರೇ ಇಲ್ಲ ಅಂದುಕೊಂಡರೆ ಏನು ಆಶ್ಚರ್ಯ? ಬೀದರಿನವರಿಗೆ ಮಾಂಜ್ರಾ ಇದೆ. ಮಳಖೇಡದ ಕೋಟೆ ಕಾಗಿಣಾ ದಂಡೆಯಲ್ಲಿ ನಿಂತಿದೆ. ಸುರಪುರ, ಶಹಾಪುರದವರಿಗೆ ಕೃಷ್ಣೆ. ಭೀಮಾಶಂಕರದಲ್ಲಿ ಹುಟ್ಟಿದ ನಮ್ಮ ಭೀಮಾ ಸುಮಾರು 860 ಕಿ.ಮೀ. ಹರಿದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಡೆಲವೇರ್ ಸುಮಾರು 330 ಮೈಲಿ, ಅಂದರೆ 530 ಕಿ.ಮೀ. "ನಮ್ಮ ನದಿ ಇದಕ್ಕಿಂತ ಉದ್ದ" ಅಂತ ಹೇಳಿದಾಗ ಮಗಳು ನಂಬಲಿಲ್ಲ. ನಕ್ಷೆ ತೆಗೆದು ಬೆರಳಿಟ್ಟು ತೋರಿಸಬೇಕಾಯಿತು. ಅಫಜಲಪುರ, ಗಾಣಗಾಪುರ, ಸನ್ನತಿ, ಯಾದಗಿರಿ ಅಂತ ಒಂದೊಂದೇ ಹೆಸರು ಓದಿಸಿದೆ. ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ ಕಲ್ಲಿನ ಮೇಲೆ ಅಶೋಕನ ರೂಪ ಕೆತ್ತಿ ಪಕ್ಕದಲ್ಲಿ ಅವನ ಹೆಸರನ್ನೂ ಬರೆದಿದ್ದಾರೆ, ಅದೂ ಈ ನದಿ ದಂಡೆಯಲ್ಲೇ ಅಂದೆ. ಅದು ಅವಳಿಗೆ ಅಷ್ಟೇನೂ ಹಿಡಿಸಲಿಲ್ಲ. "ನೀನು ದೋಣಿಯಲ್ಲಿ ಹೋಗಿದ್ಯಾ?" ಅಂದಳು.

ಹೋಗಿದ್ದೆ. ಆ ಕಥೆಯನ್ನು ಅವಳಿಗೆ ಇವತ್ತಿನವರೆಗೂ ಹೇಳಿರಲಿಲ್ಲ.

ಅವ್ವನ ತವರು ಚಿತಾಪುರ ತಾಲೂಕಿನಲ್ಲಿ, ನದಿಗೆ ಅಂಟಿಕೊಂಡ ಸಣ್ಣ ಊರು. ಚಿಗವ್ವನನ್ನು ಆಚೆ ದಂಡೆಗೆ, ಶಹಾಪುರ ತಾಲೂಕಿನ ಊರಿಗೆ ಕೊಟ್ಟಿದ್ದರು. ಆಗ ಹತ್ತಿರದಲ್ಲಿ ಸೇತುವೆ ಇರಲಿಲ್ಲ. ಬಸ್ಸಿನಲ್ಲಿ ಸುತ್ತು ಹಾಕಿ ಹೋದರೆ ಅರ್ಧ ದಿನ, ಹರಿಗೋಲಿನಲ್ಲಾದರೆ ಅರ್ಧ ಗಂಟೆ. ನನಗೂ ಆಗ ಒಂಬತ್ತೋ ಹತ್ತೋ ವರ್ಷ. ದಸರಾ ರಜೆ. ಹಬ್ಬದ ಮರುದಿನ ಆಯಿ, ಅಂದರೆ ನನ್ನ ಅಜ್ಜಿ, ಚಿಗವ್ವನಿಗೆ ಬನ್ನಿ ಕೊಡಲು ಹೊರಟಳು. ಸೆರಗಿನ ತುದಿಯಲ್ಲಿ ಬನ್ನಿ ಎಲೆ, ತಲೆಯ ಮೇಲೆ ಬುತ್ತಿ, ಹಿಂದೆ ನಾನು.

ಮಳೆಗಾಲ ಆಗಷ್ಟೇ ಮುಗಿದಿತ್ತು. ನದಿ ತುಂಬಿ ಕೆಂಪಗೆ ಹರಿಯುತ್ತಿತ್ತು. ದಂಡೆಯಲ್ಲಿ ಹರಿಗೋಲನ್ನು ದೊಡ್ಡ ಆಮೆಯ ಹಾಗೆ ಬೋರಲು ಹಾಕಿದ್ದರು. ಬಿದಿರಿನ ಹೆಣಿಗೆ, ಅದರ ಮೇಲೆ ಚೀಲದ ಬಟ್ಟೆ, ಬಟ್ಟೆಯ ಮೇಲೆ ಡಾಂಬರು. ಬಿಸಿಲಿಗೆ ಡಾಂಬರು ಮೆತ್ತಗಾಗಿ ವಾಸನೆ ಬರುತ್ತಿತ್ತು. ಬೆರಳಿಂದ ಒತ್ತಿದೆ, ಗುರುತು ಮೂಡಿತು. ಇವತ್ತಿಗೂ ಇಲ್ಲಿ ಬೇಸಿಗೆಯಲ್ಲಿ ರಸ್ತೆಗೆ ಹೊಸ ಡಾಂಬರು ಹಾಕುವಾಗ ನನಗೆ ಆ ದಂಡೆಯೇ ನೆನಪಾಗುತ್ತದೆ.

ಅಂಬಿಗರ ಮುತ್ಯಾ ಬಂದು ಅದನ್ನು ಒಂದೇ ಕೈಯಲ್ಲಿ ಮಗುಚಿ ನೀರಿಗೆ ತಳ್ಳಿದ. ಊರಿನವರು ಅವನಿಗೆ ಪ್ರತಿ ಸಲ ದುಡ್ಡು ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಮನೆ ಮನೆಯಿಂದ ಜೋಳ ಹೋಗುತ್ತಿತ್ತು. ಎಂಟು ಜನ, ಒಂದು ಸೈಕಲ್, ಎರಡು ಮೇಕೆ. ಯಾರು ಎಲ್ಲಿ ಕೂರಬೇಕು ಅಂತ ಅವನೇ ಹೇಳಿದ. ದಪ್ಪ ಇದ್ದವರು ಎದುರುಬದುರು, ಮಕ್ಕಳು ನಡುವೆ. "ಯಾರೂ ಎದ್ದು ನಿಂದ್ರಬ್ಯಾಡ್ರಿ. ನೀರು ನೋಡಬ್ಯಾಡ್ರಿ, ಆ ದಂಡಿ ನೋಡ್ರಿ" ಅಂದ.

ಮೊದಲು ದಂಡೆಯ ಗುಂಟ ಹರಿವಿನ ಎದುರಿಗೆ ಹರಿಗೋಲನ್ನು ಎಳೆದುಕೊಂಡು ಹೋದ. ನಮಗೆ ಹೋಗಬೇಕಾದ ಊರು ನೇರ ಎದುರಿಗೇ ಕಾಣುತ್ತಿದೆ, ಇವನ್ಯಾಕೆ ಬೇರೆ ಕಡೆ ಹೋಗುತ್ತಿದ್ದಾನೆ ಅಂತ ನನಗೆ ತಿಳಿಯಲಿಲ್ಲ. ನಡುನದಿಗೆ ಬಂದಾಗ ತಿಳಿಯಿತು. ನೀರು ನಮ್ಮನ್ನು ಕೆಳಗೆ ಕೆಳಗೆ ಒಯ್ಯುತ್ತಿತ್ತು. ಅವನು ಆ ಎಳೆತವನ್ನೆಲ್ಲ ಮೊದಲೇ ಲೆಕ್ಕ ಹಾಕಿದ್ದ. ಹರಿಗೋಲು ಮೆಲ್ಲಗೆ ತಿರುಗುತ್ತಿತ್ತು. ನಮ್ಮೂರಿನ ಬೇವಿನಮರ ಒಮ್ಮೆ ಎಡಕ್ಕೆ, ಒಮ್ಮೆ ಬೆನ್ನ ಹಿಂದೆ, ಮತ್ತೆ ಎದುರಿಗೆ. ಆಯಿ ಒಂದು ಚಿಟಿಕೆ ಅರಿಸಿನ, ಕುಂಕುಮ, ಒಂದು ನಾಣ್ಯ ನೀರಿಗೆ ಬಿಟ್ಟು ಕೈ ಮುಗಿದಳು.

ಆಚೆ ದಂಡೆ ಹತ್ತಿರ ಬಂದಾಗ, ನೀರು ಮೊಳಕಾಲುದ್ದ ಇರುವ ಕಡೆ, ನಾನು ಹುಟ್ಟು ಕೇಳಿದೆ. ಮುತ್ಯಾ ನಕ್ಕು ಕೊಟ್ಟ. ನನಗಿಂತ ಎತ್ತರದ ಹುಟ್ಟು. ಹಿಡಿಯುವ ಜಾಗ ಕೈ ತಾಗಿ ಸವೆದು ಸವೆದು ನುಣ್ಣಗಾಗಿತ್ತು. ನೀರಿಗೆ ಫಟ್ ಫಟ್ ಅಂತ ಹೊಡೆದೆ. ಹರಿಗೋಲು ನಿಂತಲ್ಲೇ ಗಿರಗಿರ ತಿರುಗಿತು. ಮೇಕೆಗಳು ಕೂಗಿದವು. ಅವನು ನನ್ನ ಕೈ ಮೇಲೆ ಕೈ ಇಟ್ಟ. "ನೀರನ್ನ ಹೊಡೀಬ್ಯಾಡವ್ವಾ. ಮುಂದ ಹಾಕು, ನಿನ್ನ ಕಡಿ ಎಳಕೋ" ಅಂದ. ಎಳೆದೆ. ಒಂದು ಮಾರು ಮುಂದೆ ಹೋಯಿತು. ಅಷ್ಟರಲ್ಲಿ ಆಯಿ "ಹೆಣ್ಣು ಹುಡುಗಿಗಿ ಹುಟ್ಟ್ಯಾಕೋ ಕೊಡ್ತಿ!" ಅಂತ ಗದರಿ ಕಸಿದುಕೊಂಡಳು.

ಇಳಿದ ಮೇಲೆ ಚಿಗವ್ವನ ಕೈಗೆ ಬನ್ನಿ ಕೊಟ್ಟು "ಬನ್ನಿ ತೊಗೊಂಡು ಬಂಗಾರದಂಗ ಇರೋಣ" ಅಂದೆವು. ನನ್ನ ಮನಸ್ಸೆಲ್ಲ ಆ ಒಂದು ಮಾರಿನ ಮೇಲೇ ಇತ್ತು.

ಅದಾದ ಮೇಲೆ ನಾನು ಹುಟ್ಟು ಹಿಡಿಯಲೇ ಇಲ್ಲ. ಹುಡುಗರು ಒಣಗಿದ ಸೋರೆ ಬುರುಡೆ ಬೆನ್ನಿಗೆ ಕಟ್ಟಿಕೊಂಡು ಮಡುವಿನಲ್ಲಿ ಈಜು ಕಲಿತರು. ನಾವು ದಂಡೆಯಲ್ಲಿ ಬಟ್ಟೆ ಒಗೆದೆವು, ಅಷ್ಟೇ. ಹೆದರಿಕೆಗೆ ಕಾರಣವೂ ಇತ್ತು. ಪ್ರತಿ ಊರಲ್ಲೂ ನದಿ ಒಯ್ದವರ ಒಂದು ಹೆಸರು ಇರುತ್ತಿತ್ತು. 2020ರ ಅಕ್ಟೋಬರಿನ ಪ್ರವಾಹ ನಿಮಗೆಲ್ಲ ನೆನಪಿರಬೇಕು. ಮಹಾರಾಷ್ಟ್ರದಲ್ಲಿ ಮಳೆ, ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರು, ಎಲ್ಲ ಸೇರಿ ಭೀಮಾ ಊರೊಳಗೆ ಬಂದಿತ್ತು. ನಮ್ಮ ಮಾಮಾ ವಿಡಿಯೊ ಕರೆಯಲ್ಲಿ ತೋರಿಸಿದ ಆ ಅಂಗಳದಲ್ಲಿ ನೀರು ಕಟ್ಟೆಯವರೆಗೆ ನಿಂತಿತ್ತು. ಇಲ್ಲಿ ಕೂತು ನೋಡುವುದು ಬಿಟ್ಟು ನಾವು ಏನೂ ಮಾಡಲಾಗಲಿಲ್ಲ.

ಹಾಗಾಗಿ ನದಿ ಅಂದರೆ ನಮ್ಮಲ್ಲಿ ಎಷ್ಟೋ ಜನ ಹಿಂದೆ ಸರಿಯುತ್ತೀರಿ, ನನಗೆ ಗೊತ್ತು. ಶಿಬಿರದ ಪಟ್ಟಿಯಲ್ಲಿ ಟೆಂಟಿಗೆ ಹೆಸರು ಕೊಟ್ಟವರು ಜಾಸ್ತಿ, ದೋಣಿಗೆ ಕೊಟ್ಟವರು ಕಡಿಮೆ. ಅದರಲ್ಲೂ ಹೆಣ್ಣುಮಕ್ಕಳು ಮೂರೇ ಜನ. ದಯವಿಟ್ಟು ಇದನ್ನು ಓದಿ ಮತ್ತೊಮ್ಮೆ ಯೋಚಿಸಿ.

ಶನಿವಾರ ಬೆಳಗ್ಗೆ ಪೆನ್ಸಿಲ್ವೇನಿಯಾ ಬದಿಯ ಮಿಲ್‌ಫರ್ಡ್ ಬೀಚ್‌ನಲ್ಲಿ ನೀರಿಗಿಳಿದು ಡಿಂಗ್‌ಮನ್ಸ್ ಫೆರಿಯಲ್ಲಿ ಮೇಲೆ ಬರುತ್ತೇವೆ. ಸುಮಾರು 8 ಮೈಲಿ. ನಡುವೆ ಬುತ್ತಿ ಬಿಚ್ಚಲು ನಿಂತರೂ ನಾಲ್ಕೈದು ಗಂಟೆ ಸಾಕು. ಹೆಚ್ಚಿನ ಕಡೆ ನೀರು ಸಮಾಧಾನವಾಗಿ ಹರಿಯುತ್ತದೆ, ಅಲ್ಲಲ್ಲಿ ಸಣ್ಣ ಅಲೆಗಳಿರುವ ಜಾಗ ಬರುತ್ತವೆ. ಡೆಲವೇರಿನ ಮುಖ್ಯ ಹರಿವಿಗೆ ಎಲ್ಲೂ ಅಣೆಕಟ್ಟು ಕಟ್ಟಿಲ್ಲ. ಹಾಗಾಗಿ ಮಳೆ ಬಂದರೆ ನದಿ ಬೇಗ ಏರುತ್ತದೆ. ಮೊಂಟೇಗ್‌ನಲ್ಲಿರುವ ನೀರಿನ ಮಾಪಕವನ್ನು ಹಿಂದಿನ ದಿನ ನೋಡಿಯೇ ಹೊರಡುವುದು. ಏರಿದ್ದರೆ ದೋಣಿ ಇಲ್ಲ, ದಂಡೆಯಲ್ಲೇ ಆಟ. ಇದರ ಬಗ್ಗೆ ಆ ದಿನ ಯಾರೂ ವಾದ ಮಾಡಬಾರದು.

ನಾವು ಇಳಿಯುವ ಜಾಗದ ಹೆಸರು ನನಗೆ ತುಂಬಾ ಇಷ್ಟವಾಗಿದೆ. ಫೆರಿ ಅಂದರೆ ನಮ್ಮ ಕಡವು. 1735ರಲ್ಲಿ ಆಂಡ್ರ್ಯೂ ಡಿಂಗ್‌ಮನ್ ಎಂಬಾತ ಅಲ್ಲಿ ಜನರನ್ನು ದಾಟಿಸಲು ಶುರುಮಾಡಿದ, ಊರಿಗೆ ಅವನದೇ ಹೆಸರು ಉಳಿಯಿತು. ಈಗ ಅಲ್ಲಿರುವ ಸೇತುವೆ 1900ರದು, ಇಂದಿಗೂ ಖಾಸಗಿಯವರದು, ಸುಂಕ ಕೊಟ್ಟು ದಾಟಬೇಕು. ಅಂಬಿಗರ ಚೌಡಯ್ಯನವರ ವಚನ ಹಾಡುತ್ತಾ ಬೆಳೆದ ನಮಗೆ ಅಂಬಿಗನ ಹೆಸರಿನ ಊರಲ್ಲಿ ದೋಣಿ ಇಳಿಯುವುದು ಸುಮ್ನೆ ಸಿಕ್ಕ ಯೋಗವಲ್ಲ ಅನಿಸುತ್ತದೆ.

ಈಗ ನಿಯಮಗಳು. ಹದಿಮೂರು ತುಂಬದ ಮಕ್ಕಳು ದೋಣಿಯಲ್ಲಿ ಲೈಫ್ ಜಾಕೆಟ್ ಹಾಕಲೇಬೇಕು, ಅದು ಇಲ್ಲಿನ ಕಾನೂನು. ನಮ್ಮ ಬಳಗದಲ್ಲಿ ಎಂಬತ್ತು ದಾಟಿದವರೂ ಹಾಕಬೇಕು, ಈಜು ಬರುವವರೂ ಹಾಕಬೇಕು. ಗುಂಡಿ, ಪಟ್ಟಿ ಬಿಗಿಯಾಗಿರಲಿ. ಭುಜದ ಹತ್ತಿರ ಹಿಡಿದು ಎತ್ತಿದಾಗ ಕಿವಿವರೆಗೆ ಬಂದರೆ ಅದು ಸಡಿಲ. ದೋಣಿ ಮಗುಚಿದರೆ ಹರಿಯುವ ನೀರಿನಲ್ಲಿ ಎದ್ದು ನಿಲ್ಲಲು ಹೋಗಬೇಡಿ, ಕಲ್ಲುಗಳ ಸಂದಿಯಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ಅಂಗಾತ ಮಲಗಿ, ಕಾಲು ಹರಿವಿನ ಮುಂದಕ್ಕೆ ಚಾಚಿ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ ತೇಲಿ. ದೋಣಿ ಬಂಡೆಗೆ ತಾಗಿದರೆ ಹೆದರಿ ಈಚೆಗೆ ವಾಲುತ್ತೇವೆ, ಆಗಲೇ ನೀರು ಒಳಗೆ ನುಗ್ಗುವುದು. ಬಂಡೆಯ ಕಡೆಗೇ ವಾಲಿ. ಆಚೆ ದಂಡೆಗೆ ಈಜಿ ಹೋಗುತ್ತೇನೆ ಅನ್ನುವ ಹುಡುಗರಿಗೆ ಅಪ್ಪಂದಿರು ಮನೆಯಲ್ಲೇ ಹೇಳಿ ಕರೆತನ್ನಿ.

ಊಟದ ಚಿಂತೆ ಬೇಡ. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಪುಂಡಿ ಪಲ್ಯ, ಮೊಸರು, ಈರುಳ್ಳಿ. ವಾರ ಇಟ್ಟರೂ ಕೆಡದ ರೊಟ್ಟಿ ಇರುವಾಗ ಡಬ್ಬಿ ಆಹಾರ ಯಾಕೆ? ಆದರೆ ಅಲ್ಲಿ ಕಪ್ಪು ಕರಡಿಗಳಿವೆ. ರಾತ್ರಿ ಟೆಂಟಿನಲ್ಲಿ ಒಂದು ಉಂಡಿಯೂ ಇರಬಾರದು, ಎಲ್ಲ ಕಾರಿನಲ್ಲಿ. ಸೌದೆ ಮನೆಯಿಂದ ತರಬೇಡಿ, ಮರ ಕೊಲ್ಲುವ ಹುಳ ಅದರ ಜೊತೆ ಬರುತ್ತವೆ, ಅಲ್ಲೇ ಕೊಳ್ಳೋಣ. ದನಕ್ಕೆ ಹತ್ತುವ ಉಣ್ಣೆಯಂಥದ್ದು ಇಲ್ಲಿನ ಹುಲ್ಲಲ್ಲೂ ಇದೆ, ಅದರಿಂದ ಲೈಮ್ ಕಾಯಿಲೆ ಬರುತ್ತದೆ. ಉದ್ದ ಪ್ಯಾಂಟು ಹಾಕಿ, ಸಂಜೆ ಮಕ್ಕಳ ಕಿವಿ ಹಿಂದೆ, ಮೊಳಕಾಲ ಸಂದಿಯಲ್ಲಿ ನೋಡಿ.

ಜಾಗ ಕಡಿಮೆ ಉಳಿದಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಶಿಬಿರ ಜುಲೈ ಕೊನೆಯ ವಾರಾಂತ್ಯ, ಹೆಸರು ಕೊಡಲು ಬರುವ ಶುಕ್ರವಾರ ಕಡೇ ದಿನ. ಪಂಚಮಿಗೆ ಎಳ್ಳುಂಡಿ, ಶೇಂಗಾ ಉಂಡಿ ಮಾಡುವವರು ಸಮಿತಿಗೆ ತಿಳಿಸಿ. ಕನ್ನಡ ತರಗತಿ ಸೆಪ್ಟೆಂಬರಿನಲ್ಲಿ ಮತ್ತೆ ಶುರು, ದೊಡ್ಡ ಮಕ್ಕಳ ತರಗತಿಗೆ ಇನ್ನೂ ಶಿಕ್ಷಕರಿಲ್ಲ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವವನ್ನು ಆ ವಾರದ ಶನಿವಾರ ಆಚರಿಸುತ್ತೇವೆ. ನಿಜಾಮನ ಆಳ್ವಿಕೆ ಮುಗಿದ 1948ರ ಆ ದಿನಗಳನ್ನು ಕಂಡ ಹಿರಿಯರು ನಿಮ್ಮ ಮನೆಗೆ ಬಂದಿದ್ದರೆ ಖಂಡಿತ ಕರೆತನ್ನಿ, ಮಕ್ಕಳು ಅವರ ಬಾಯಿಂದಲೇ ಕೇಳಲಿ. ರಾಜ್ಯೋತ್ಸವದ ನಾಟಕಕ್ಕೆ ತಬಲಾ ನುಡಿಸುವವರು ಬೇಕು. ಇಪ್ಪತ್ತು ವರ್ಷ ನಮ್ಮ ಎಲ್ಲ ಹಬ್ಬಕ್ಕೂ ಹೋಳಿಗೆ ಮಾಡಿದ ಹಿರಿಯ ದಂಪತಿ ಆಗಸ್ಟಿನಲ್ಲಿ ಕಲಬುರಗಿಗೆ ವಾಪಸ್ ಹೋಗುತ್ತಿದ್ದಾರೆ. ಶಿಬಿರದ ಶನಿವಾರ ರಾತ್ರಿ ಬೆಂಕಿ ಸುತ್ತ ಕೂತು ಅವರನ್ನು ಬೀಳ್ಕೊಡೋಣ.

ಸಹಾಯ ಬೇಕು. ಪ್ರಥಮ ಚಿಕಿತ್ಸೆ ಗೊತ್ತಿರುವ ಇಬ್ಬರು, ಚೆನ್ನಾಗಿ ಈಜು ಬರುವ ನಾಲ್ವರು, ದೊಡ್ಡ ವ್ಯಾನ್ ಓಡಿಸುವ ಒಬ್ಬರು. ಇವರು ಸಿಗದಿದ್ದರೆ ದೋಣಿಗಳ ಸಂಖ್ಯೆ ಕಡಿಮೆ ಮಾಡಬೇಕಾಗುತ್ತದೆ. ಇನ್ನೊಂದು ಮಾತು. ಈ ಪತ್ರಿಕೆಯನ್ನು ನಾಲ್ಕು ವರ್ಷದಿಂದ ಒಬ್ಬಳೇ ಮಾಡುತ್ತಿದ್ದೇನೆ. ಪ್ರೀತಿಯಿಂದಲೇ ಮಾಡುತ್ತಿದ್ದೇನೆ. ಆದರೆ ಈಗ ಆಗುತ್ತಿಲ್ಲ. ಕನ್ನಡ ಟೈಪ್ ಮಾಡಲು ಬರುವವರು ಒಬ್ಬರು ಜೊತೆಗೆ ಬಂದರೆ ಮುಂದಿನ ಸಂಚಿಕೆ ಬರುತ್ತದೆ.

ಕಳೆದ ತಿಂಗಳು ಜಾಗ ನೋಡಲು ಹೋದಾಗ ದೋಣಿ ಬಾಡಿಗೆಗೆ ಕೊಡುವ ಹುಡುಗಿ ನನಗೆ ಹತ್ತು ನಿಮಿಷ ಪಾಠ ಹೇಳಿಕೊಟ್ಟಳು. ನಾನು ಮತ್ತೆ ಫಟ್ ಫಟ್ ಅಂತ ನೀರಿಗೆ ಹೊಡೆದೆ. ಅವಳು ಹುಟ್ಟನ್ನು ನನ್ನಿಂದ ದೂರ ಮುಂದಕ್ಕೆ ಇಡಿಸಿ, ನನ್ನ ಕಡೆ ಎಳೆಸಿದಳು. ಇಂಗ್ಲಿಷಿನಲ್ಲಿ ಹೇಳಿದಳು, ನನಗೆ ಕೇಳಿಸಿದ್ದು ಮುತ್ಯಾನ ದನಿ. ದೋಣಿ ಮುಂದೆ ಹೋಯಿತು. ಈ ಸಲ ಕಸಿದುಕೊಳ್ಳುವವರು ಯಾರೂ ಇರಲಿಲ್ಲ.

ಇದನ್ನೆಲ್ಲ ಊಟದ ಹೊತ್ತಿಗೆ ಹೇಳಿ ಮುಗಿಸಿದಾಗ ಅವ್ವ ಕೇಳಿದ್ದು ಒಂದೇ: "ಅಂಬಿಗ ಯಾರು?"

"ಅಂಬಿಗ ಇರೂದಿಲ್ಲವ್ವಾ. ನಾವೇ ಹುಟ್ಟು ಹಾಕಬೇಕು."

"ನೀ ಹಾಕ್ತಿ?"

"ನಾ, ಮತ್ತ ನಿನ್ನ ಮೊಮ್ಮಗಳು."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕೈ ತೊಳೆದು ಬಂದು, "ನಡು ನಾ ಕೂಡ್ತೀನಿ" ಅಂದಳು. ಹಿರಿಯರಿಗಾಗಿ ಅಗಲವಾದ ಎರಡು ರಬ್ಬರ್ ರಾಫ್ಟ್ ಹಿಡಿದಿಟ್ಟಿದ್ದೇವೆ, ಹರಿಗೋಲಿನ ಹಾಗೇ ಆರಾಮಾಗಿ ಕೂರಬಹುದು. ಒಂದರ ಪಟ್ಟಿಯಲ್ಲಿ ಮೊದಲ ಹೆಸರು ಅವ್ವನದು. ಅದರಲ್ಲಿ ಇನ್ನೂ ಮೂವರಿಗೆ ಜಾಗ ಇದೆ. ನಿಮ್ಮ ಮನೆಗೆ ಬಂದಿರುವ ಅವ್ವ, ಆಯಿ, ಅತ್ತೆಯರನ್ನು ಕೇಳಿ ಶುಕ್ರವಾರದೊಳಗೆ ತಿಳಿಸಿ.