ಕೆಟ್ಟ ಗ್ರಾಫಿಕ್ಸ್ ಕಾರ್ಡು: ಅಳಿಯನಿಗೊಂದು ಕಾಗದ

ಬದಿಯಡ್ಕ

ಚಿರಂಜೀವಿ ಅಳಿಯನಿಗೆ ಆಶೀರ್ವಾದಗಳು.

ಬೆಂಗಳೂರಿನಿಂದ ತರಿಸಿದ ಹಳೆಯ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡು (ಕಂಪ್ಯೂಟರಿನ ಪರದೆಗೆ ಚಿತ್ರ ತಯಾರಿಸಿ ಕೊಡುವ ಬೋರ್ಡು) ಕೈಕೊಟ್ಟಿತೆಂದು ಬರೆದಿದ್ದೀಯಾ. ‘ಡಿಸ್‌ಪ್ಲೇ ಬರುವುದಿಲ್ಲ’ ಎಂಬಷ್ಟರಿಂದ ರೋಗ ಗೊತ್ತಾಗುವುದಿಲ್ಲ. ಜ್ವರ ಅಂದ ಹಾಗಾಯಿತು. ರಿಪೇರಿಗೆ ಕೊಡಬೇಕೋ ಬೇಡವೋ ಎಂಬುದು ಕಾರ್ಡಿನ ಯಾವ ಭಾಗ ಹೋಗಿದೆ ಎಂಬುದರ ಮೇಲೆ ನಿಂತಿದೆ. ಅದು ತಿಳಿಯುವವರೆಗೆ ಯಾರಿಗೂ ಒಂದು ರೂಪಾಯಿ ಕೊಡಬೇಡ, ಕಾರ್ಡನ್ನು ಮತ್ತೆ ಮತ್ತೆ ಸಿಕ್ಕಿಸಿ ಆನ್ ಮಾಡಲೂ ಬೇಡ. ಒಳಗೆ ಶಾರ್ಟ್ ಇದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಉಳಿದಿರುವ ಒಳ್ಳೆಯ ಭಾಗಕ್ಕೂ ಪೆಟ್ಟು ಬೀಳುತ್ತದೆ.

ಸ್ಕ್ರೂ ಬಿಚ್ಚುವ ಮೊದಲು ಹಿಂಬದಿಯ ಸೀರಿಯಲ್ ನಂಬರ್ ಬರೆದಿಟ್ಟುಕೋ. 580 ಮಾರುಕಟ್ಟೆಗೆ ಬಂದದ್ದು 2017ರಲ್ಲಿ, ಹಾಗಾಗಿ ವಾರಂಟಿಯ ಆಸೆ ಇಲ್ಲ. ಆದರೆ ಮಾರಿದವನು ಪರೀಕ್ಷೆಗೆಂದು ಕೆಲವು ದಿನ ಕೊಟ್ಟಿದ್ದರೆ, ಸ್ಕ್ರೂವಿನ ಮೇಲಿನ ಸ್ಟಿಕ್ಕರ್ ಹರಿದ ಕಾರ್ಡನ್ನು ಆತ ವಾಪಸು ತೆಗೆದುಕೊಳ್ಳುವುದಿಲ್ಲ.

ಈಗ ಹೊರಗಿನಿಂದ ಶುರು ಮಾಡು. ಕಾರ್ಡು ತೆಗೆದಿಟ್ಟು ಮದರ್‌ಬೋರ್ಡಿನ ಸ್ವಂತ ಡಿಸ್‌ಪ್ಲೇಯಿಂದ ಕಂಪ್ಯೂಟರ್ ಏಳುತ್ತದೋ ನೋಡು. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಆ ಸೌಕರ್ಯ ಇರುವುದಿಲ್ಲ. ಆಗ ಗೆಳೆಯನ ಯಾವುದಾದರೂ ಸಣ್ಣ ಕಾರ್ಡು ತಂದು ಹಾಕು. ಮಾನಿಟರ್, ಕೇಬಲ್ ಸರಿಯೆಂದು ಖಚಿತವಾದ ಮೇಲೆ ಕಾರ್ಡಿನಲ್ಲಿ ಮದರ್‌ಬೋರ್ಡಿನ ಸ್ಲಾಟಿಗೆ ಕೂರುವ ಚಿನ್ನದ ಪಟ್ಟಿಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸು. ನಿಮ್ಮ ಕುಂಬಳೆಯ ಕಡಲ ಗಾಳಿಯ ಉಪ್ಪು, ಮಳೆಗಾಲದ ತೇವ ಎರಡೂ ಸೇರಿ ಲೋಹದ ಮೇಲೆ ಹಸಿರು ಕಿಲುಬು ಏರಿಸುತ್ತವೆ; ಎಷ್ಟೋ ‘ಸತ್ತ’ ಕಾರ್ಡು ಅಷ್ಟರಿಂದಲೇ ಏಳುತ್ತದೆ. ಸ್ಲಾಟಿನ ಕೊಕ್ಕೆ ಸಿಕ್ಕುವ ಮೂಲೆಯಲ್ಲಿ ಬೋರ್ಡು ಕೂದಲೆಳೆಯಷ್ಟು ಬಿರುಕು ಬಿಟ್ಟಿದೆಯೋ ಎಂದೂ ಟಾರ್ಚು ಹಿಡಿದು ನೋಡು. ಬಿರುಕು ಒಳಪದರಕ್ಕೆ ಇಳಿದಿದ್ದರೆ ಮುಂದಿನದ್ದು ಓದುವ ಅಗತ್ಯವೇ ಇಲ್ಲ.

ಪವರ್ ಸಪ್ಲೈ ಕಡೆಗೂ ಗಮನವಿರಲಿ. 580ಕ್ಕೆ ಚಿಪ್ ತಯಾರಿಸಿದ ಎಎಂಡಿ ಕಂಪನಿ ಹೇಳಿದ ಲೆಕ್ಕ 185 ವಾಟ್, ಸಪ್ಲೈ 500 ವಾಟ್‌ನದ್ದು ಬೇಕು. ಸ್ಲಾಟಿನಿಂದ ಸಿಗುವುದು ಹೆಚ್ಚೆಂದರೆ 75 ವಾಟ್. ಉಳಿದದ್ದು ಎಂಟು ಪಿನ್ನಿನ ಕೇಬಲ್‌ನಿಂದ ಬರಬೇಕು, ಅದರ ಮಿತಿ 150. ನೀನು ಹಾರ್ಡ್ ಡಿಸ್ಕಿಗೆ ಪವರ್ ಕೊಡುವ ಸಾಟಾ ಕೇಬಲ್‌ನಿಂದ ಎಂಟು ಪಿನ್ನಿಗೆ ಬದಲಿಸುವ ಅಡಾಪ್ಟರ್ ಹಾಕಿದ್ದರೆ ಇವತ್ತೇ ಕಿತ್ತು ತೆಗೆ. ಒಂದು ಸಾಟಾ ಕನೆಕ್ಟರಿನ 12 ವೋಲ್ಟ್ ದಾರಿ ತಡೆಯುವುದು 54 ವಾಟ್ ಮಾತ್ರ. ಹೊರೆ ಬಿದ್ದಾಗ ಅದು ಕರಗಿ ಬೆಂಕಿ ಹಿಡಿಯಬಹುದು, ಕಾರ್ಡಿನ ಮಾತು ಆಮೇಲಿನದ್ದು.

ಇಷ್ಟಾದ ಮೇಲೂ ಏಳದಿದ್ದರೆ ಕಾರ್ಡು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡು. ಕಾರ್ಡು ಹಾಕಿ ಆನ್ ಮಾಡಿದ ಕೂಡಲೇ ಇಡೀ ಕಂಪ್ಯೂಟರ್ ಒಮ್ಮೆ ಮಿಸುಕಾಡಿ ಆಫ್ ಆಗುವುದಾದರೆ ಹೆಚ್ಚಾಗಿ 12 ವೋಲ್ಟಿನ ದಾರಿಯಲ್ಲಿ ಶಾರ್ಟ್ ಇದೆ. ಫ್ಯಾನು ತಿರುಗಿಯೂ ಚಿತ್ರವಿಲ್ಲ ಎಂದಾದರೆ ಬಯಾಸ್ (ಕಾರ್ಡನ್ನು ಎಬ್ಬಿಸುವ, ಅದರೊಳಗೇ ಬರೆದಿಟ್ಟ ಪ್ರೋಗ್ರಾಂ), ಮೆಮೊರಿ ಅಥವಾ ಕೋರ್ (ಚಿತ್ರದ ಲೆಕ್ಕ ಮಾಡುವ ಮುಖ್ಯ ಚಿಪ್) ಕೆಟ್ಟಿದೆ, ಇಲ್ಲವೇ ಯಾವುದೋ ಒಂದು ವೋಲ್ಟೇಜ್ ಹುಟ್ಟುತ್ತಿಲ್ಲ. ಚಿತ್ರ ಬಂದು ಗೆರೆ, ಚೌಕಳಿ, ಬಣ್ಣದ ಚುಕ್ಕೆ ಕಂಡರೆ ಹೆಚ್ಚಾಗಿ ಮೆಮೊರಿ. ಆಟ ಶುರುವಾಗಿ ಹತ್ತು ನಿಮಿಷಕ್ಕೆ ನಿಂತರೆ ಶಾಖ ಅಥವಾ ಪವರ್.

ಬಯಾಸ್ ವಿಷಯ ನಿನ್ನ ಕಾರ್ಡಿನಲ್ಲಿ ವಿಶೇಷವಾಗಿ ನೋಡಬೇಕು. ಎಥೀರಿಯಂ ಎಂಬ ಡಿಜಿಟಲ್ ನಾಣ್ಯದ ಜಾಲ, ಕಾರ್ಡುಗಳಿಂದ ಲೆಕ್ಕ ಮಾಡಿಸಿ ನಾಣ್ಯ ಗಳಿಸುವ ಮೈನಿಂಗ್ ಪದ್ಧತಿಯನ್ನೇ 2022ರ ಸೆಪ್ಟೆಂಬರ್ 15ರಂದು ಬಿಟ್ಟಿತು. ಆ ಕೆಲಸಕ್ಕೆ ಹಗಲುರಾತ್ರಿ ದುಡಿದ 570, 580 ಕಾರ್ಡುಗಳು ಹಳೆ ಮಾರುಕಟ್ಟೆಗೆ ರಾಶಿ ಬಿದ್ದವು. ಮೈನಿಂಗ್ ಮಾಡುವವರು ಮೆಮೊರಿಯ ವೇಗ ಏರಿಸಲು ಬಯಾಸನ್ನೇ ತಿದ್ದುತ್ತಿದ್ದರು. ತಿದ್ದಿದ ಬಯಾಸನ್ನು ವಿಂಡೋಸ್ ಡ್ರೈವರ್ ಒಪ್ಪದೆ ಡಿವೈಸ್ ಮ್ಯಾನೇಜರಿನಲ್ಲಿ ಕೋಡ್ 43 ಎಂಬ ದೋಷಸೂಚನೆ ತೋರಿಸಬಹುದು. ಕಾರ್ಡಿನ ಅಂಚಿನಲ್ಲಿ ಸಣ್ಣ ಸ್ವಿಚ್ ಇದೆಯೋ ಹುಡುಕು. ಇದ್ದರೆ ಅದು ಎರಡನೆಯ ಬಯಾಸಿನದ್ದು. ಕಂಪ್ಯೂಟರ್ ಆಫ್ ಮಾಡಿ, ಸ್ವಿಚ್ ಆಚೆಗೆ ದೂಡಿ, ಮತ್ತೆ ಆನ್ ಮಾಡು. ಹೊಸ ಬಯಾಸ್ ಬರೆಯುವುದೇ ಆದರೆ ಹಳೆಯದನ್ನು ಮೊದಲು ಫೈಲಾಗಿ ಉಳಿಸಿಕೋ. ಮಾಡೆಲ್ ಒಂದೇ ಆದರೆ ಸಾಲದು, ಮೆಮೊರಿ ಚಿಪ್ಪಿನ ಕಂಪನಿಯೂ ಹೊಂದಬೇಕು. ಸ್ಯಾಮ್‌ಸಂಗ್ ಚಿಪ್ಪಿಗೆಂದು ಮಾಡಿದ ಬಯಾಸು ಹೈನಿಕ್ಸ್ ಇರುವ ಬೋರ್ಡಿಗೆ ಆಗಿಬರುವುದಿಲ್ಲ. ಜಿಪಿಯು-ಝಡ್‌ ಎಂಬ ಪ್ರೋಗ್ರಾಂನಲ್ಲಿ ಚಿಪ್ಪಿನ ಕಂಪನಿ ಕಾಣುತ್ತದೆ. 2304 ಶೇಡರ್ (ಕೋರಿನೊಳಗೆ ಲೆಕ್ಕ ಮಾಡುವ ಸಣ್ಣ ಘಟಕ) ಇರಬೇಕಾದಲ್ಲಿ 2048 ಕಂಡರೆ ನಿನಗೆ ಕೊಟ್ಟದ್ದು ಕಡಿಮೆ ಬಲದ 580 ಎಂದೂ ಅಲ್ಲೇ ಗೊತ್ತಾಗುತ್ತದೆ.

ಶಾರ್ಟ್ ಪರೀಕ್ಷೆಗೆ ಸಾಧಾರಣ ಮಲ್ಟಿಮೀಟರ್ ಸಾಕು. ಕಾರ್ಡು ಹೊರಗೆ ಮೇಜಿನ ಮೇಲಿರಲಿ, ಮೀಟರ್ ಓಮ್‌ನಲ್ಲಿರಲಿ. ಮೀಟರಿನ ಕಪ್ಪು ವಯರಿನ ಮುಳ್ಳು ಬ್ರಾಕೆಟ್ಟಿಗೆ, ಅಂದರೆ ಮಾನಿಟರ್ ಕೇಬಲ್ ಸಿಕ್ಕಿಸುವ ಬದಿಯ ಲೋಹದ ತಗಡಿಗೆ. ಕೆಂಪು ಮುಳ್ಳು ಎಂಟು ಪಿನ್ನಿನ ಸಾಕೆಟ್ಟಿನಲ್ಲಿ 12 ವೋಲ್ಟ್ ಬರುವ ಮೂರು ಪಿನ್ನಿಗೆ. ಆಮೇಲೆ ಚಿಪ್ ಇರುವ ಬದಿಯಲ್ಲಿ, ಬ್ರಾಕೆಟ್ ಕಡೆಯಿಂದ ಮೊದಲ ಮೂರು ಚಿನ್ನದ ಪಟ್ಟಿಗೆ. ಸಾವಿರ ಓಮ್‌ಗಳ ಲೆಕ್ಕ ಬಂದರೆ ಸರಿ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್. ಸಾಕೆಟ್ಟಿನ ಬಳಿ ಸಣ್ಣ ಫ್ಯೂಸ್ ಇದ್ದರೆ ಅದನ್ನೂ ನೋಡು, ಆದರೆ ಹಾರಿದ ಫ್ಯೂಸಿಗೆ ತಂತಿ ಬೆಸೆಯಬೇಡ. ಅದು ಹಾರಿದ್ದಕ್ಕೆ ಕಾರಣ ಬೇರೆಲ್ಲೋ ಕೂತಿರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕೋರಿಗೆ ಕರೆಂಟು ಕೊಡುವ ಚೌಕ ಕಾಯಿಲುಗಳ ಮೇಲೆ ಮುಳ್ಳಿಟ್ಟರೆ ಒಂದೆರಡು ಓಮ್ ಅಥವಾ ಅದಕ್ಕಿಂತಲೂ ಕಡಿಮೆ ಬರಬಹುದು, ಬೀಪ್ ಕೂಡ ಹೊಡೆಯಬಹುದು. ಅದು ಕೋರಿನ ಸಹಜ ಗುಣ. ‘ಕೋರ್ ಶಾರ್ಟ್, ಆಸೆ ಬಿಡಿ’ ಎಂದು ಬೀಪ್ ಕೇಳಿಯೇ ಹೇಳುವವನನ್ನು ನಂಬಬೇಡ. ಎರಡು ಮುಳ್ಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಕಳೆದು ಲೆಕ್ಕ ಹಾಕಬೇಕು.

12 ವೋಲ್ಟ್ ಶಾರ್ಟಿಗೆ ಸಾಮಾನ್ಯ ಕಾರಣ ಎರಡು. ಸಿರಾಮಿಕ್ ಕೆಪಾಸಿಟರ್ ಒಂದು ಒಡೆದಿರುತ್ತದೆ. ಅದು ಕೆಲವೇ ರೂಪಾಯಿಯ ವಸ್ತು, ತೆಗೆದು ಹಾಕಿದರೆ ಕಾರ್ಡು ಬದುಕುತ್ತದೆ. ಇಲ್ಲವೇ 12 ವೋಲ್ಟಿನ ಕಡೆಗಿರುವ ಮಾಸ್ಫೆಟ್, ಅಂದರೆ ಕರೆಂಟನ್ನು ಬಿಟ್ಟು ತಡೆದು ಕೋರಿಗೆ ಬೇಕಾದಷ್ಟಕ್ಕೆ ಇಳಿಸುವ ಸ್ವಿಚ್, ಹೋಗಿರುತ್ತದೆ. ಅದು ಕೆಟ್ಟರೆ ಕಷ್ಟ, ಯಾಕೆಂದರೆ ಸುಮಾರು ಒಂದು ವೋಲ್ಟಿನಲ್ಲಿ ಬದುಕುವ ಕೋರಿಗೆ ನೇರ 12 ವೋಲ್ಟ್ ನುಗ್ಗಿರಬಹುದು. ಬಲ್ಲ ಕೆಲಸಗಾರ ಶಾರ್ಟ್ ಹುಡುಕಲು, ವೋಲ್ಟೇಜ್ ಬೇಕಾದಷ್ಟಕ್ಕೆ ಇಡಬಹುದಾದ ಬೆಂಚ್ ಸಪ್ಲೈಯಿಂದ ಕರೆಂಟು ಹಾಯಿಸಿ, ಮೇಲೆ ಆಲ್ಕೋಹಾಲ್ ಹಚ್ಚಿ, ಮೊದಲು ಎಲ್ಲಿ ಒಣಗುತ್ತದೆಂದು ನೋಡುತ್ತಾನೆ. ಆಗ ಸಪ್ಲೈ ಒಂದು ವೋಲ್ಟ್ ಮೀರಬಾರದು; ಮೀರಿದರೆ ಅದೇ ಕೆಟ್ಟ ಮಾಸ್ಫೆಟ್ಟಿನ ದಾರಿಯಲ್ಲಿ ಕೋರನ್ನೇ ಸುಟ್ಟಂತೆ. ಅಂಗಡಿಗೆ ಕೊಡುವ ಮೊದಲು ಇದನ್ನು ಕೇಳು. ಉತ್ತರ ತಡವರಿಸಿದರೆ ಕಾರ್ಡು ಎತ್ತಿಕೊಂಡು ಬಾ.

ಮೆಮೊರಿ ಸಂಶಯವಿದ್ದರೆ ಮೆಮ್‌ಟೆಸ್ಟ್-ವಲ್ಕನ್ ಎಂಬ ಉಚಿತ ಪ್ರೋಗ್ರಾಂ ಓಡಿಸು. ಆಫ್ಟರ್‌ಬರ್ನರ್ ಎಂಬ, ಕಾರ್ಡಿನ ವೇಗ ಬದಲಿಸುವ ಪ್ರೋಗ್ರಾಂನಲ್ಲಿ ಮೆಮೊರಿಯನ್ನು 2000ದಿಂದ 1750 ಮೆಗಾಹರ್ಟ್ಸ್‌ಗೆ ಇಳಿಸಿದಾಗ ತಪ್ಪು ನಿಂತರೆ, ಹಾಗೆಯೇ ಬಳಸು. ನಿನ್ನ ಆಟಗಳಿಗೆ ಅಷ್ಟು ನಷ್ಟವೇನಿಲ್ಲ. 8 ಜಿಬಿ ಕಾರ್ಡಿನಲ್ಲಿ ಎಂಟು ಚಿಪ್ ಇವೆ. ಒಂದನ್ನು ಬದಲಿಸಲು ಬರುತ್ತದೆ, ಆದರೆ ಯಾವುದು ಕೆಟ್ಟಿದೆಯೆಂದು ಖಚಿತವಾಗಿ ತೋರಿಸಬಲ್ಲವನ ಕೈಯಲ್ಲಿ ಮಾತ್ರ.

ಶಾಖದ ಕಾಯಿಲೆಗೆ ಮದ್ದು ಫ್ಯಾನು, ಚಿಪ್ಪಿನ ಶಾಖವನ್ನು ಹೀಟ್‌ಸಿಂಕಿಗೆ ದಾಟಿಸುವ ಪೇಸ್ಟು, ಪ್ಯಾಡು. ಪ್ಯಾಡಿನ ದಪ್ಪ ಹಳೆಯದರಷ್ಟೇ ಇರಲಿ. ಅರ್ಧ ಮಿಲಿಮೀಟರ್ ಹೆಚ್ಚಾದರೂ ಹೀಟ್‌ಸಿಂಕು ಕೋರಿಗೆ ತಾಗದೆ ಎದ್ದು ನಿಲ್ಲುತ್ತದೆ.

ಓವನ್ನಿನಲ್ಲಿಟ್ಟು ಬಿಸಿ ಮಾಡುವ ಉಪಾಯ ಯಾರು ಹೇಳಿದರೂ ಕೇಳಬೇಡ. ಸೀಸವಿಲ್ಲದ ಬೆಸುಗೆ ಕರಗಲು 217 ಡಿಗ್ರಿ ದಾಟಬೇಕು. ಅದಕ್ಕೆ ಮೊದಲೇ ಪ್ಲಾಸ್ಟಿಕ್ ಸೊಟ್ಟಗಾಗಿ, ಉಬ್ಬಿದ ಕೆಪಾಸಿಟರ್ ಸಿಡಿದೀತು. ಒಂದು ವೇಳೆ ಚಿತ್ರ ಬಂದರೂ ಕಾಯಿಲೆ ಹೆಚ್ಚಾಗಿ ಕೋರಿನ ಒಳಗಿನ ಸೂಕ್ಷ್ಮ ಬೆಸುಗೆಯಲ್ಲಿರುತ್ತದೆ, ಬಿಸಿಗೆ ಹಿಗ್ಗಿ ಕೆಲವು ದಿನ ತಾಗಿಕೊಂಡು ಮತ್ತೆ ಬಿಡುತ್ತದೆ. ಆ ಹೊಗೆ ಅಡಿಗೆಯ ಓವನ್ನಿಗೆ ಹತ್ತುವುದೂ ಬೇಡ. ರೀಬಾಲಿಂಗ್ (ಕೋರ್ ಕಿತ್ತು ಅದರ ಅಡಿಯ ಬೆಸುಗೆ ಗುಂಡುಗಳನ್ನು ಹೊಸದಾಗಿ ಹಾಕುವುದು) ಎಂದು ದೊಡ್ಡ ಮೊತ್ತ ಕೇಳುವವರಿಗೂ ಇದೇ ಕಾರಣದಿಂದ ಬೇಡವೆನ್ನು.

ಹಣದ ಲೆಕ್ಕ ನನ್ನ ಮಟ್ಟಿಗೆ ಹೀಗೆ: ಇದೇ ಮಾಡೆಲ್ ಚಾಲೂ ಸ್ಥಿತಿಯಲ್ಲಿ ಇವತ್ತು ಎಷ್ಟಕ್ಕೆ ಸಿಗುತ್ತದೋ ಅದರ ಮೂರನೇ ಒಂದು ಭಾಗದೊಳಗೆ ರಿಪೇರಿ ಮುಗಿಯಬೇಕು, ಮಂಗಳೂರಿಗೆ ಹೋಗಿಬರುವ ಖರ್ಚು, ಕೊರಿಯರ್ ಎಲ್ಲ ಸೇರಿ. ಫ್ಯಾನು, ಪೇಸ್ಟು, ಬಯಾಸು, ಕೆಪಾಸಿಟರು ಆದರೆ ಮಾಡಿಸು. ಕೋರ್ ಹೋಗಿದ್ದರೆ ಬಿಟ್ಟುಬಿಡು; ಕೆಟ್ಟದ್ದೆಂದು ಸ್ಪಷ್ಟವಾಗಿ ಹೇಳಿ ಮಾರು, ಮೆಮೊರಿ ಚಿಪ್ಪಿಗಾಗಿ ರಿಪೇರಿಯವರು ಕೊಳ್ಳುತ್ತಾರೆ. ಯಾರಿಗೂ ಬೇಡವಾದರೆ ತೋಟದ ಹೊಂಡಕ್ಕೆ ಎಸೆಯದೆ ಮನೆಮನೆಯ ಕಸ ಸಂಗ್ರಹಿಸುವ ಪಂಚಾಯತಿನ ಹರಿತ ಕರ್ಮ ಸೇನೆಯವರಲ್ಲಿ ಕೊಡು.

ತುಲಾ ತಿಂಗಳ ಸಂಜೆಗಳಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ಜೊತೆಗೆ ಇಂಟರ್ನೆಟ್ ಕೇಬಲನ್ನೂ ಕಿತ್ತಿಡು. ಅರ್ತಿಂಗ್ ಹೊಂಡಕ್ಕೆ ಬೇಸಗೆಯಲ್ಲಿ ನೀರು ಹೊಯ್ಯಲು ಅಪ್ಪನಿಗೆ ಹೇಳು. ಮುರಕಲ್ಲಿನ ನೆಲ ಒಣಗಿದರೆ ಅರ್ತ್ ಇದ್ದೂ ಇಲ್ಲದಂತೆ.

ಓಮ್ ಅಳತೆಗಳನ್ನು ಯಾವ ಪಿನ್ನು ಎಂದು ಎದುರಿಗೇ ಬರೆದು, ಬೋರ್ಡಿನ ಎರಡೂ ಬದಿಯ ಫೋಟೋ ಜೊತೆ ಈ ಭಾನುವಾರದೊಳಗೆ ಕಳುಹಿಸು. ಅದನ್ನು ನೋಡಿದ ಮೇಲೆ ಮಂಗಳೂರಿಗೆ ಒಯ್ಯುವುದೋ ಬೇಡವೋ ಹೇಳುತ್ತೇನೆ.

ನಿನ್ನ ಮಾವ